ಉಳಿಸು, ಅಳಿಸು

ನಮ್ಮ ದೊಡ್ಡಮ್ಮನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಯಾವ ರೋಗಿಗೆ ಯಾವ ಊಟ ಎಂದು ಚೀಟಿ ಬರೆದು ಅಡುಗೆಮನೆಗೆ ಕೊಡುವುದು ಅವಳ ಕೆಲಸ. ಒಬ್ಬರಿಗೆ ಉಪ್ಪಿಲ್ಲದ್ದು, ಒಬ್ಬರಿಗೆ ಸಕ್ಕರೆಯಿಲ್ಲದ್ದು, ಇನ್ನೊಬ್ಬರಿಗೆ ಬರೀ ತಿಳಿ ಸೂಪು, ಆಪರೇಷನ್ ಇದ್ದವರಿಗೆ ಏನೂ ಇಲ್ಲ. ಅಡುಗೆಮನೆಯ ಪಕ್ಕದಲ್ಲಿ ಒಂದು ಮೇಜು, ಒಂದು ಕುರ್ಚಿ ಹಿಡಿಸುವಷ್ಟು ಕೋಣೆ, ಗೋಡೆಯಲ್ಲೊಂದು ಕಿಂಡಿ. ಚೀಟಿ ಕಿಂಡಿಯಾಚೆ ಹೋದರೆ ತಟ್ಟೆ ತಯಾರಾಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ತಪ್ಪು ತಟ್ಟೆ ಬಂತೆಂದು ಒಬ್ಬರೂ ದೂರಿರಲಿಲ್ಲ.

ಒಂದು ಸೋಮವಾರ ಚೀಟಿ ಪುಸ್ತಕ ಹೋಗಿ, ಬೆರಳಿನಿಂದ ಮುಟ್ಟುವ ಪರದೆ ಬಂತು. ಹಾಸಿಗೆ ಸಂಖ್ಯೆ ನೋಡಿ, ಊಟದ ಬಗೆ ಆರಿಸಿ, ಕೆಳಗಿನ ಗುಂಡಿ ಒತ್ತಬೇಕು. ಕೆಳಗೆ ಇದ್ದದ್ದು ಎರಡು ಗುಂಡಿ. ಒಂದರ ಮೇಲೆ ‘ಉಳಿಸು’, ಇನ್ನೊಂದರ ಮೇಲೆ ‘ಅಳಿಸು’. ಎರಡೂ ಒಂದೇ ಬೂದು ಬಣ್ಣ, ಒಂದೇ ಅಳತೆ, ಅವಳಿ ಮಕ್ಕಳ ಹಾಗೆ ಮೈಗೆ ಮೈ ತಾಗಿಸಿಕೊಂಡು ಕೂತಿದ್ದವು. ಯಾವುದನ್ನು ಒತ್ತಿದರೂ ಪರದೆ ತುಟಿಪಿಟಕ್ಕೆನ್ನದೆ ಮುಂದಿನ ಹಾಸಿಗೆ ತೋರಿಸುತ್ತಿತ್ತು. ಅಳಿಸಿಹೋದ ಹಾಸಿಗೆಗೆ ಅಡುಗೆಮನೆಯಿಂದ ಮಾಮೂಲಿ ಊಟ ಹೋಗುತ್ತಿತ್ತು.

ಮೂರನೇ ವಾರ ಆಗಬಾರದ್ದು ಆಯಿತು. ವಾರ್ಡಿನಿಂದ ನರ್ಸ್ ಫೋನ್ ಮಾಡಿದ್ದಳು. ದೊಡ್ಡಮ್ಮ ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಗುಂಡಿ ಒತ್ತುತ್ತಾ ಹೋದಳು. ಹದಿನಾಲ್ಕನೇ ಹಾಸಿಗೆಯವನಿಗೆ ಅಂದು ಹೊಟ್ಟೆಯ ಆಪರೇಷನ್. ಅವನ ಸರದಿಯಲ್ಲಿ ಬೆರಳು ‘ಅಳಿಸು’ ಮೇಲೆ ಬಿದ್ದು ಅವನಿಗೂ ತಟ್ಟೆ ಹೋಯಿತು. ಹಸಿದಿದ್ದ ಮನುಷ್ಯ, ಯಾರೋ ಕೊಟ್ಟರಲ್ಲ ಎಂದು ಅರ್ಧ ತಿಂದುಬಿಟ್ಟ. ಆಪರೇಷನ್ ಮುಂದಕ್ಕೆ ಹೋಯಿತು. ಮಧ್ಯಾಹ್ನ ಅವನ ಹೆಂಡತಿ ಹುಡುಕಿಕೊಂಡು ಕಿಂಡಿಯ ಹತ್ತಿರ ಬಂದಳು.

“ಹನ್ನೊಂದು ವಾರದಿಂದ ಕಾಯ್ತಿದ್ವಿ ಅಮ್ಮ” ಎಂದಳು. ಬೈಯಲಿಲ್ಲ, ಅಷ್ಟೇ ಹೇಳಿ ಹೋದಳು. ಬೈದಿದ್ದರೆ ವಾಸಿಯಿತ್ತು ಎಂದು ದೊಡ್ಡಮ್ಮ ಎಷ್ಟೋ ಸಲ ಅಂದಿದ್ದಾಳೆ.

ಅಡುಗೆಮನೆಯ ಮೇಲ್ವಿಚಾರಕರು ಕಾಗದ ಮುಂದಿಟ್ಟರು. “ಬರೆದುಕೊಡಿ ಚೀಟಿಯಕ್ಕ. ಮೇಲಿನವರಿಗೆ ನಾನೂ ಉತ್ತರ ಹೇಳ್ಬೇಕಲ್ವಾ?”

‘ನನ್ನ ಅಜಾಗರೂಕತೆಯಿಂದ ತಪ್ಪಾಗಿದೆ’ ಎಂದು ಬರೆದು ಸಹಿ ಹಾಕಿದಳು.

ದೊಡ್ಡಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಂದು ಸಂಜೆ ಅವರು ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಅಡ್ಡ ಇಟ್ಟು ನಿಲ್ಲಿಸಿ ಎಲ್ಲ ಕೇಳಿಸಿಕೊಂಡರು. “ಆ ಗುಂಡಿ ಅಷ್ಟು ಹತ್ತಿರ ಯಾಕಿಟ್ರು ಅಂತ ಕೇಳಬೇಕಿತ್ತು ನೀನು.”

“ಕೇಳಿದ್ರೆ ಏನಂತಾರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂತಾರೆ.”

“ನೆಲ ನಿಜವಾಗ್ಲೂ ಡೊಂಕಿದ್ರೆ?”

“ಸುಮ್ನಿರಿ. ನಿಮಗೆ ಎಲ್ಲಾ ತಮಾಷೆ.”

ಆಮೇಲೆ ಅವಳಿಗೆ ತನ್ನ ಬೆರಳಿನ ಮೇಲೆಯೇ ನಂಬಿಕೆ ಹೋಯಿತು. ಕೆಲಸಕ್ಕೆ ಒಂದು ಗಂಟೆ ಮುಂಚೆ ಹೋಗುತ್ತಿದ್ದಳು. ಒತ್ತಿದ ಮೇಲೆ ಹಿಂದಕ್ಕೆ ಹೋಗಿ ನೋಡುವಳು, ಮತ್ತೆ ನೋಡುವಳು. ನೋಡಿದ್ದನ್ನು ನೋಡಿದೆನೋ ಇಲ್ಲವೋ ಎಂದು ಇನ್ನೊಮ್ಮೆ ನೋಡುವಳು. ಮನೆಗೆ ಬಂದು ಊಟಕ್ಕೆ ಕೂತಾಗ ಬೆರಳು ತಾನಾಗಿಯೇ ತಟ್ಟೆಯ ಅಂಚನ್ನು ಒತ್ತುತ್ತಿತ್ತು. ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ಗಾಯಕ್ಕೆ ಹಚ್ಚುವ ಬಟ್ಟೆಯ ಪ್ಲಾಸ್ಟರನ್ನು ಉಗುರಿನಗಲ ಕತ್ತರಿಸಿ ‘ಅಳಿಸು’ ಗುಂಡಿಯ ಮೇಲೆ ಅಂಟಿಸಿದಳು. ಬೆರಳಿಗೆ ಒರಟು ಬಟ್ಟೆ ತಾಗಿದರೆ ಕೈ ಹಿಂದಕ್ಕೆ ಬರುತ್ತಿತ್ತು. ಮೇಜಿನ ಖಾನೆಯಲ್ಲಿ ಹಳೆಯ ಹಾಗೆ ಚೀಟಿಯನ್ನೂ ಗುಟ್ಟಾಗಿ ಬರೆದಿಡುತ್ತಿದ್ದಳು. ಎರಡು ತಿಂಗಳು ಒಂದು ತಟ್ಟೆಯೂ ತಪ್ಪಲಿಲ್ಲ. ಆದರೂ ಒಂದು ಗಂಟೆ ಮುಂಚೆ ಹೋಗುವುದು ನಿಲ್ಲಲಿಲ್ಲ.

ಅಷ್ಟರಲ್ಲಿ ಮೇಲ್ವಿಚಾರಕರು ಬಂದು, “ನಾಳೆ ಪರದೆ ಮಾಡಿದ ಕಡೆಯಿಂದ ಒಬ್ಬರು ಬರ್ತಾರೆ. ನೀವು ಕೆಲಸ ಮಾಡೋದನ್ನ ಕೂತು ನೋಡ್ತಾರಂತೆ” ಎಂದರು.

ದೊಡ್ಡಮ್ಮನಿಗೆ ಅದರ ಅರ್ಥ ಒಂದೇ ಎನ್ನಿಸಿತು. ಕೂತು ನೋಡುವುದು ಎಂದರೆ ಇನ್ನೇನು? ಮನೆಗೆ ಕಳಿಸುವುದಕ್ಕೆ ಕಾರಣ ಹುಡುಕುವುದು. ಈ ಪ್ಲಾಸ್ಟರ್ ಕಂಡರಂತೂ ಮುಗಿಯಿತು, ಕೈಲಾಗದವಳು ಎಂದು ಅದೇ ಸಾಕ್ಷಿ ಹೇಳುತ್ತದೆ. ಪ್ಲಾಸ್ಟರ್ ಕಿತ್ತಳು, ಅಂಟನ್ನು ಸ್ಪಿರಿಟ್ ಹಚ್ಚಿ ಒರೆಸಿದಳು, ಚೀಟಿಗಳನ್ನು ಹರಿದು ಹಾಕಿದಳು.

ಬಂದವಳು ಮೂವತ್ತೈದರ ಆಸುಪಾಸಿನ ಹೆಂಗಸು. ಕೈಯಲ್ಲಿ ನೋಟ್‌ಬುಕ್ಕು. ಸ್ಟೂಲು ಎಳೆದುಕೊಂಡು ಹಿಂದೆ ಕೂತಳು.

“ಇದು ನಿಮ್ಮ ಪರೀಕ್ಷೆ ಅಲ್ಲಮ್ಮ, ಪರದೆಯ ಪರೀಕ್ಷೆ. ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ. ಮನಸ್ಸಿಗೆ ಬಂದದ್ದನ್ನ ಬಾಯಲ್ಲಿ ಹೇಳ್ತಾ ಹೋಗಿ, ಸಾಕು.”

ದೊಡ್ಡಮ್ಮ ನಂಬಲಿಲ್ಲ. “ಎಲ್ಲಾ ಚೆನ್ನಾಗಿದೆ, ಸುಲಭ ಇದೆ” ಎಂದಷ್ಟೇ ಹೇಳುತ್ತಾ ಒತ್ತತೊಡಗಿದಳು. ಹಿಂದೆ ಪೆನ್ನು ಸರಿದ ಸದ್ದು ಕೇಳಿದಾಗಲೆಲ್ಲ ಇನ್ನೂ ಬೇಗ ಬೇಗ ಒತ್ತುತ್ತಿದ್ದಳು. ಆರು, ಏಳು, ಎಂಟು. ಹದಿನೈದನೇ ಹಾಸಿಗೆಗೆ ಬರುವಾಗ ಏನೋ ತಪ್ಪಿದೆ ಎನ್ನಿಸಿತು. ಬೆರಳಿಗೆ ಎಲ್ಲಿಯೂ ಬಟ್ಟೆ ತಾಗಿಲ್ಲ. ತಾಗುವುದಾದರೂ ಹೇಗೆ, ಕಿತ್ತವಳು ತಾನೇ! ಇಷ್ಟು ಹೊತ್ತು ಒರಟು ತಾಗಲಿಲ್ಲ ಎಂಬ ಧೈರ್ಯದ ಮೇಲೆಯೇ ಒತ್ತುತ್ತಾ ಬಂದಿದ್ದಳು. ಹಿಂದಕ್ಕೆ ಹೋಗಿ ನೋಡಿದರೆ ಒಂಬತ್ತನೇ ಹಾಸಿಗೆಯ ಮುಂದೆ ಊಟದ ಜಾಗ ಖಾಲಿ. ಗಂಟಲಿನ ಆಪರೇಷನ್ ಆದ ಮುದುಕ, ತಿಳಿ ಸೂಪು ಬಿಟ್ಟು ಏನೂ ನುಂಗುವ ಹಾಗಿಲ್ಲ. ಕಿಂಡಿಯಲ್ಲಿ ಇಣುಕಿದಳು. ಹತ್ತು ಹಾಸಿಗೆಯ ಲೆಕ್ಕ ಮುಗಿದೊಡನೆ ಒಂದು ಊಟದ ಗಾಡಿ ಹೊರಡುತ್ತಿತ್ತು. ಆ ಗಾಡಿ ಆಗಲೇ ಹೋಗಿಯಾಗಿತ್ತು.

ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಮೆಟ್ಟಿಲು, ಉದ್ದನೆಯ ಕಾರಿಡಾರು, ಒರೆಸಿ ಒದ್ದೆಯಾಗಿದ್ದ ನೆಲ. ಐವತ್ತೊಂದು ವರ್ಷದವಳ ಮಂಡಿ ಕಿರುಗುಟ್ಟುತ್ತಿತ್ತು. ಹಿಂದೆ ನೋಟ್‌ಬುಕ್ಕಿನವಳೂ ಓಡಿಬರುತ್ತಿದ್ದಳು. ವಾರ್ಡಿನಲ್ಲಿ ಮುದುಕ ದಿಂಬಿಗೊರಗಿ ಬ್ರೆಡ್ಡಿನ ತುಂಡನ್ನು ಎರಡು ಬೆರಳಲ್ಲಿ ಎತ್ತಿ ನೋಡುತ್ತಿದ್ದ, ಇದು ತನಗೇನಾ ಎನ್ನುವ ಹಾಗೆ. ದೊಡ್ಡಮ್ಮ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು. ಅವನು ಬೆಪ್ಪಾಗಿ ನೋಡಿದ. ಇವಳು ಹೋದ ಜೀವ ಬಂದಂತಾಗಿ ಹಾಸಿಗೆಯ ಕಂಬಿ ಹಿಡಿದು ನಿಂತಳು.

ಹಿಂದಿರುಗಿ ಬರುವಾಗ ಕಾರಿಡಾರಿನಲ್ಲೇ ಎಲ್ಲ ಬಾಯಿಬಿಟ್ಟಳು. “ಪ್ಲಾಸ್ಟರ್ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ. ನಿಮಗೆ ಹೆದರಿ ನಾನೇ ಕಿತ್ತುಬಿಟ್ಟೆ.”

“ಯಾವ ಪ್ಲಾಸ್ಟರ್?”

ಹೇಳಿದಳು, ಚೀಟಿಗಳ ಗುಟ್ಟನ್ನೂ ಹೇಳಿದಳು. ಆ ಹೆಂಗಸು ನಡೆಯುವುದನ್ನೇ ನಿಲ್ಲಿಸಿದಳು. “ಅಯ್ಯೋ ಅಮ್ಮ, ನಾನು ನೋಡೋಕೆ ಬಂದಿದ್ದೇ ಅದನ್ನ. ಅದನ್ನೇ ಕಸಕ್ಕೆ ಹಾಕಿದ್ರಲ್ಲ!”

ಕೋಣೆಗೆ ಬಂದು ಆ ಹೆಂಗಸು ತಾನೇ ಕುರ್ಚಿಯಲ್ಲಿ ಕೂತಳು. ಒತ್ತಿದ್ದು ಅಡುಗೆಮನೆಗೆ ಹೋಗದ ಹಾಗೆ ಪರದೆಯ ಸಂಪರ್ಕ ತಪ್ಪಿಸಿ, “ಫೋನ್ ಮಾಡಿ, ಬಾಗಿಲು ಬಡೀರಿ, ಏನಾದ್ರೂ ಕೇಳ್ತಾ ಇರಿ” ಎಂದಳು. ನಲವತ್ತು ಹಾಸಿಗೆಗಳಲ್ಲಿ ಅವಳೇ ಎರಡು ಅಳಿಸಿದಳು. ನಂತರ ಮೇಲ್ವಿಚಾರಕರನ್ನು ಕೂರಿಸಿದಳು. ಅವರು ಐದು ಅಳಿಸಿ, ಒಂದೂ ಗೊತ್ತಾಗದೆ, “ಮುಗೀತು ನೋಡಿ, ಇದರಲ್ಲೇನಿದೆ?” ಎಂದರು. ಪಟ್ಟಿ ತೋರಿಸಿದಾಗ ಮುಖ ಹುಳ್ಳಗಾಯಿತು. ಅಡುಗೆಯವರು ಕಿಂಡಿಯಾಚೆ ಮುಸಿಮುಸಿ ನಕ್ಕರು. ದೊಡ್ಡಮ್ಮ ನಗಲಿಲ್ಲ.

“ಮುದುಕನ ವಿಷಯಾನೂ ಬರ್ಕೊಂಡ್ರಾ?”

“ಬರ್ಕೊಂಡೆ. ಅದೇ ಮುಖ್ಯ. ನಿಮ್ಮ ಹೆಸರು ಹಾಕಿಲ್ಲ. ಗುಂಡಿ ಕೆಟ್ಟದಾಗಿದೆ ಅಂತ ಹಾಕಿದೀನಿ.”

ಹೆಸರು ಹಾಕದಿದ್ದರೂ ಆ ಕುರ್ಚಿಯಲ್ಲಿ ಕೂರುವವಳು ಒಬ್ಬಳೇ ತಾನೇ? ಮುಂದಿನ ಏಳು ವಾರ ದೊಡ್ಡಮ್ಮ ಅಂಚೆಯವನ ಸೈಕಲ್ ಗಂಟೆ ಕೇಳಿದರೂ ಬೆಚ್ಚುತ್ತಿದ್ದಳು. ಕೆಲಸದಿಂದ ತೆಗೆದ ಕಾಗದ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಳು. ಬಂದದ್ದು ಬೇರೆ ಪರದೆ. ‘ಉಳಿಸು’ ಕೆಳಗೆ ಅಂಗೈಯಗಲ, ಹಸಿರು ಬಣ್ಣ. ಇನ್ನೊಂದು ಗುಂಡಿ ಮೇಲಿನ ಮೂಲೆಗೆ ಹೋಗಿ ‘ತೆಗೆದುಹಾಕು’ ಎಂದಾಗಿತ್ತು. ಅದನ್ನು ಒತ್ತಿದರೆ ಯಾರ ಊಟ, ಯಾವ ಹಾಸಿಗೆ ಎಂದು ಕೇಳುತ್ತಿತ್ತು. ತಪ್ಪಿ ಹೂಂ ಎಂದರೂ ವಾಪಸ್ ತರುವ ದಾರಿಯಿತ್ತು. ಏನೂ ಬರೆಯದ ಹಾಸಿಗೆಗೆ ತಟ್ಟೆಯೇ ಹೋಗುತ್ತಿರಲಿಲ್ಲ. ಮೊದಲು ವಾರ್ಡಿಗೆ ಫೋನ್ ಮಾಡಿ ಎಂದು ಪರದೆ ಹೇಳುತ್ತಿತ್ತು. ಹದಿನಾಲ್ಕನೇ ಹಾಸಿಗೆಯವನು ಅಷ್ಟರಲ್ಲಿ ಆಪರೇಷನ್ ಆಗಿ, ಗುಣವಾಗಿ ಮನೆಗೆ ಹೋಗಿದ್ದ.

ಅವಳ ಹೆದರಿಕೆ ಮಾತ್ರ ಪೂರಾ ಹೋಗಲಿಲ್ಲ. ಈಗಲೂ ಬೆಳಗ್ಗೆ ಮೊದಲ ಗಾಡಿಯ ಜೊತೆ ವಾರ್ಡಿನವರೆಗೆ ಒಂದು ಸುತ್ತು ಹೋಗಿ ಬರುತ್ತಾಳೆ. ಕಳೆದ ತಿಂಗಳು ಔಷಧಿ ಕೋಣೆಗೆ ಹೊಸ ಪರದೆ ತರುವ ಮೊದಲು ಪ್ರಯತ್ನಿಸಿ ನೋಡಲು ಇವಳನ್ನೂ ಕರೆದರು. ಪರದೆಯ ಮೇಲೆ ತಿಳಿ ಬೂದು ಬಣ್ಣದ ಸಣ್ಣ ಅಕ್ಷರ. ಇವಳು ಮುಂದಕ್ಕೆ ಬಾಗಲಿಲ್ಲ, ಕನ್ನಡಕಕ್ಕೂ ತಡಕಾಡಲಿಲ್ಲ.

“ಇದು ಓದೋಕಾಗ್ತಿಲ್ಲ. ದೊಡ್ಡದು ಮಾಡಿ” ಎಂದಳಂತೆ.