ತೆರೆಯಿಲ್ಲದ ನೀರು

ಬೇಸಿಗೆಯಲ್ಲಿ ಲಂಡನ್ನಿನ ಟ್ಯೂಬ್ ರೈಲಿನಲ್ಲಿ ಯಾರಾದರೂ ಬಿಸಿಲಿನ ಕ್ರೀಮು ಬಳಿದುಕೊಂಡು ಪಕ್ಕದಲ್ಲಿ ಬಂದು ಕೂತರೆ ನಾನು ಎದ್ದು ಬಾಗಿಲ ಬಳಿ ಹೋಗಿ ನಿಲ್ಲುತ್ತೇನೆ. ಕೊಬ್ಬರಿ ಎಣ್ಣೆಯಂತಿದ್ದೂ ಕೊಬ್ಬರಿ ಎಣ್ಣೆಯಲ್ಲದ ಆ ವಾಸನೆ ಮೂಗಿಗೆ ತಾಕಿದರೆ ಸಾಕು, ಕಾಲಡಿಯ ಮರಳು ಜಾರತೊಡಗುತ್ತದೆ. ಕಿಟಕಿಯಾಚೆ ವೆಂಬ್ಲಿಯ ಹಿತ್ತಿಲುಗಳು ಓಡುತ್ತಿರುತ್ತವೆ. ನನಗೆ ಕಾಣುವುದು ನೀರಿನ ಮೇಲೆ ಉಬ್ಬಿದ ಒಂದು ಹಸಿರು ಸೀರೆ. ಹನ್ನೊಂದು ವರ್ಷಗಳಲ್ಲಿ ಅದನ್ನು ಎಷ್ಟು ಸಲ ದಡಕ್ಕೆ ಎಳೆದಿದ್ದೇನೋ ಲೆಕ್ಕವಿಲ್ಲ.

ನಾನು ಚಿಕ್ಕವಳಿದ್ದಾಗ ರೇನರ್ಸ್ ಲೇನಿನ ಮನೆಯಲ್ಲಿ ನಾವು ಎರಡು ಸಂಸಾರಗಳು ಒಟ್ಟಿಗೆ ಇದ್ದೆವು. ಧಾರವಾಡದಿಂದ ಬಂದ ಅಣ್ಣತಮ್ಮಂದಿರು, ನಮ್ಮ ಅಪ್ಪ ಮತ್ತು ಕಾಕಾ, ಇಬ್ಬರೂ ಆಸ್ಪತ್ರೆಯ ಡಾಕ್ಟರು. ಅವ್ವ ಕೌನ್ಸಿಲ್ ಆಫೀಸಿಗೆ ಹೋಗುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದವಳು ಕಾಕಾನ ಹೆಂಡತಿ, ಕಾಕು. ನನ್ನನ್ನೂ ತನ್ನ ಮಗಳು ಆಶಾಳನ್ನೂ ಬೆಳೆಸಿದವಳು ಅವಳೇ. ಶಾಲೆಯಿಂದ ಬಂದ ಕೂಡಲೇ ಅಡುಗೆಮನೆಯ ಹೀಟರಿಗೆ ಬೆನ್ನು ಕೊಟ್ಟು ಇಬ್ಬರನ್ನೂ ಕೂಡಿಸಿಕೊಂಡು, ಒಂದೇ ತಟ್ಟೆಯಲ್ಲಿ ಅನ್ನ ಕಲಸಿ, ಆಶಾಗೊಂದು ನನಗೊಂದು ತುತ್ತು ಕೊಡುತ್ತಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆ ನಾವು ಇಂಗ್ಲಿಷಿನಲ್ಲಿ ಉತ್ತರಿಸಿದರೆ, "ಬಾಯಾಗ ಅನ್ನ ಇಟ್ಕೊಂಡು ಇಂಗ್ಲಿಷ್ ಬ್ಯಾಡ್ರೆವಾ, ನೆತ್ತಿಗೇರ್ತದ" ಎಂದು ನಗುತ್ತಿದ್ದಳು. ಮೊದಲು ನನ್ನ ಹೆರಳು ಹಾಕಿ ಆಮೇಲೆ ಆಶಾಳದು. ನನ್ನ ಕೂದಲಿಗೆ ಸಿಕ್ಕು ಜಾಸ್ತಿ ಎಂಬುದು ಅದಕ್ಕೆ ಕಾರಣವೆಂದು ನಾನು ಒಪ್ಪಿರಲಿಲ್ಲ. ನನ್ನ ಮೇಲೆಯೇ ಅವಳಿಗೆ ಪ್ರೀತಿ ಜಾಸ್ತಿ ಎಂದುಕೊಂಡಿದ್ದೆ. ನನಗೆ ಹತ್ತು ತುಂಬಿದ ವರ್ಷ ಕಾಕಾನಿಗೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕೆಲಸವಾಯಿತು. ಮೂವರೂ ಹೊರಟುಹೋದರು. ಮರುದಿನ ಅವ್ವ ನನಗೊಂದು ಬಾಗಿಲ ಕೀಲಿ ಮಾಡಿಸಿ ಕೊಟ್ಟಳು. ಶಾಲೆಯಿಂದ ಬಂದು ಬೀಗ ತೆಗೆದು ಒಳಗೆ ಹೋದಾಗ ಮನೆ ತಣ್ಣಗಿರುತ್ತಿತ್ತು.

ಆಶಾಳ ಪತ್ರಗಳು ಬರುತ್ತಿದ್ದವು. ಅವರ ಊರಿನ ಹೊಳೆಯಲ್ಲಿ ಕಪ್ಪು ಹಂಸಗಳಿವೆಯಂತೆ, ಸೂರ್ಯ ಸೀದಾ ಸಮುದ್ರದೊಳಗೇ ಮುಳುಗುತ್ತಾನಂತೆ, ಬೆಳಿಗ್ಗೆ ಗಿಳಿಗಳ ಗದ್ದಲಕ್ಕೆ ನಿದ್ದೆಯೇ ಬರುವುದಿಲ್ಲವಂತೆ. ಕೊನೆಗೆ ಪ್ರತಿ ಪತ್ರದಲ್ಲೂ ಅಮ್ಮ ಇವತ್ತು ಏನು ಮಾಡಿದಳು ಎಂಬ ಸಾಲು. ಹಂಸ, ಸೂರ್ಯ ಎಲ್ಲ ಅವಳಿಗೇ ಇರಲಿ. ಆ ಕೊನೆಯ ಸಾಲನ್ನು ಮಾತ್ರ ನಾನು ಹಲ್ಲು ಕಚ್ಚಿಕೊಂಡು ಓದುತ್ತಿದ್ದೆ.

ತೊಂಬತ್ತೇಳರ ಡಿಸೆಂಬರ್ ರಜೆಗೆ ಅವ್ವನೂ ನಾನೂ ಅಲ್ಲಿಗೆ ಹೋದೆವು. ಅಪ್ಪನಿಗೆ ರಜೆ ಸಿಕ್ಕಿರಲಿಲ್ಲ. ಚಳಿಯ ಕೋಟು ಕೈಯಲ್ಲಿ ಹಿಡಿದು ಇಳಿದ ನಮ್ಮ ಮುಖಕ್ಕೆ ಬಿಸಿಲು ರಾಚಿತು. ಎಲೆ ಬಿಡದೆ ತೊಗಟೆ ಉದುರಿಸುವ ಮರಗಳು, ಅವುಗಳ ಖಾರ ಪರಿಮಳ, ಮಧ್ಯಾಹ್ನ ತಪ್ಪದೆ ಬರುವ ಸಮುದ್ರದ ಗಾಳಿ, ಬರಿಗಾಲಲ್ಲಿ ಅಂಗಡಿಗೆ ಬರುವ ಜನ. "ಗುಡಿಗೆ ಬಂದಂಗ ಬಂದಾರ ನೋಡ!" ಎಂದು ಅವ್ವ ಬೆರಗಾದಳು. ಎಲ್ಲವನ್ನೂ ನನಗೆ ತೋರಿಸುವವಳು ಆಶಾ. ಇದು ಯಾವ ಹಕ್ಕಿ, ಬೂಟನ್ನು ಜಾಡಿಸಿಯೇ ಏಕೆ ಹಾಕಬೇಕು, ಹೊಳೆಗೆ ಅಲ್ಲಿನ ಮೂಲದ ಜನ ಏನೆನ್ನುತ್ತಾರೆ, ಎಲ್ಲ ಅವಳಿಗೆ ಗೊತ್ತು. ಚಂದವಿತ್ತು, ಸುಳ್ಳು ಹೇಳಲಾರೆ. ಚಂದವಿದ್ದದ್ದಕ್ಕೇ ಸಿಟ್ಟು. ಮೊದಲ ರಾತ್ರಿ ಊಟದಲ್ಲಿ ಕಾಕು ನನಗೆ ಬೇರೆ ತಟ್ಟೆ ಇಟ್ಟಿದ್ದಳು, ಅತಿಥಿಗೆ ಇಡುವ ಹಾಗೆ.

ಎಳ್ಳ ಅಮಾವಾಸ್ಯೆ ಬಂತು. ಧಾರವಾಡದ ಕಡೆ ಅವತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಚರಗ ಚೆಲ್ಲಿ ಬರುತ್ತಾರೆ. "ಇಲ್ಲಿ ಹೊಲಾ ಎಲ್ಲಿಂದ ತರೋಣ್ರಿ ವೈನಿ? ಸಮುದ್ರಕ್ಕೇ ಚೆಲ್ಲೋಣು. ಹಂಗs ಒಂದ್ ಸ್ನಾನನೂ ಆಗ್ತದ" ಎಂದಳು ಕಾಕು. "ಚೆಲ್ಲು, ಬಂಗಾರದಂಥಾ ಮೀನು ಬೆಳೀತಾವ" ಎಂದಳು ಅವ್ವ. ಮೀನು ಮುಟ್ಟದ ಇಬ್ಬರೂ ಬಿದ್ದು ಬಿದ್ದು ನಕ್ಕರು.

ದಡದಲ್ಲಿ ಕಾವಲಿನ ಹುಡುಗರು ಎರಡು ಬಾವುಟ ನೆಟ್ಟಿದ್ದರು. ಅವುಗಳ ನಡುವೆ ತುಂಡು ಬಟ್ಟೆಯ ಜನ ಮೈಗೆಲ್ಲ ಆ ಬಿಸಿಲಿನ ಕ್ರೀಮು ಬಳಿದುಕೊಂಡು ಗಿಜಿಗುಡುತ್ತಿದ್ದರು. ಆಶಾ ಬಾಟಲಿಗೆ ನೀರು ತುಂಬಲು ಮೇಲಿನ ನಲ್ಲಿಗೆ ಹೊರಟವಳು ನನ್ನ ಕಡೆ ತಿರುಗಿ, ಇಬ್ಬರನ್ನೂ ಬಾವುಟಗಳ ನಡುವೆಯೇ ಇಳಿಸು, ತೆರೆ ಇಲ್ಲದ ಕಡೆ ಬೇಡ, ಅಲ್ಲಿ ನೀರು ಒಳಗೆ ಎಳೆಯುತ್ತದೆ ಎಂದು ಇಂಗ್ಲಿಷಿನಲ್ಲಿ ಟೀಚರಂತೆ ಹೇಳಿದಳು. ಹೋದಳು. ಅವ್ವನಿಗೆ ನಾಚಿಕೆ. "ಈ ಗಂಡಸೂರ ನಡುವ ಸೀರಿ ಉಟ್ಟು ಹೆಂಗ ಮುಳುಗೋದವಾ?" ಎಂದು ಅತ್ತಿತ್ತ ನೋಡಿ, ದೂರದಲ್ಲಿ ನೊರೆಯಿಲ್ಲದೆ ಕಪ್ಪಗೆ ಸುಮ್ಮನೆ ಮಲಗಿದ್ದ ನೀರಿನ ಪಟ್ಟಿಯೊಂದನ್ನು ತೋರಿಸಿದಳು. "ಅಲ್ಲಿ ಯಾರೂ ಇಲ್ಲ. ತೆರಿನೂ ಇಲ್ಲ." ಕಾಕು ಅನುಮಾನಿಸಿದಳು. "ಸುಮಾ, ಆಶಾ ಏನರೆ ಹೇಳಿದಳೇನು?"

ಹೇಳಿದಳು ಎನ್ನಬೇಕಿತ್ತು. ಆದರೆ ಅಲ್ಲಿ ಕೂಡ ಆಶಾಳ ಮಾತೇ ನಡೆಯಬೇಕೇ ಎನಿಸಿತು. "ಏನಿಲ್ಲ ಕಾಕು. ಅಲ್ಲೇ ಛಲೋ ಅದ" ಎಂದೆ, ಎಂದೂ ಆಡದ ಅಚ್ಚ ಕನ್ನಡದಲ್ಲಿ. ಕಾಕು ನನ್ನ ಗದ್ದ ಹಿಡಿದು, "ನೋಡ್ರಿ, ಎಷ್ಟ್ ಚಂದ ಮಾತಾಡ್ತದ ನನ್ನ ಕೂಸು" ಎಂದಳು.

ಇಬ್ಬರೂ ಕೈ ಹಿಡಿದು ಇಳಿದರು. ಎರಡು ಸಲ ಮುಳುಗಿ ಎದ್ದರು. ಮೂರನೆಯ ಸಲ ಅವ್ವ ಒಬ್ಬಳೇ ಎದ್ದಳು. ಕಾಕು ಆಗಲೇ ಹತ್ತು ಮಾರು ಆಚೆ ಇದ್ದಳು. ಯಾರೋ ಮೆಲ್ಲಗೆ ಕೈಹಿಡಿದು ಕರೆದೊಯ್ಯುತ್ತಿದ್ದಾರೆ ಎಂಬಂತೆ, ಸದ್ದಿಲ್ಲದೆ. ಅವಳಿಗೆ ಈಜು ಬರುತ್ತಿರಲಿಲ್ಲ. ಹಸಿರು ಸೀರೆ ಉಬ್ಬಿತು. ಒಂದು ಕೈ ಮೇಲೆ ಬಂತು. ಅವ್ವ ಚೀರುತ್ತಿದ್ದಳು. ನಾನು ಎಡೆಯ ಡಬ್ಬಿ ಹಿಡಿದು ನಿಂತೇ ಇದ್ದೆ. ಕಡಲಹಕ್ಕಿಗಳು ನನ್ನ ಕೈಯಿಂದಲೇ ಸಜ್ಜೆ ರೊಟ್ಟಿ ಕಿತ್ತುಕೊಂಡವು. ನಲ್ಲಿಯ ಕಡೆಯ ಮೆಟ್ಟಿಲ ಮೇಲಿಂದ ಕಂಡವಳು ಆಶಾ. ಬಾಟಲಿ ಎಸೆದು ಬಾವುಟಗಳ ಕಡೆ ಓಡಿ, ಕೂಗಿ, ಕಾವಲಿನ ಹುಡುಗರನ್ನು ಎಬ್ಬಿಸಿದವಳು ಆಶಾ. ಅವರು ಹಲಗೆಯ ಮೇಲೆ ಮಲಗಿಸಿ ತಂದಾಗ ಕಾಕುವಿನ ತುಟಿ ನೀಲಿಯಾಗಿತ್ತು. ಕೆಮ್ಮಿದಳು. ಉಳಿದಳು.

ಸಂಜೆ ಕಾಕಾ ಕೇಳಿದ, "ಅಲ್ಲಿ ಇಳೀರಿ ಅಂತ ಯಾರ್ ಹೇಳಿದ್ರು?" ಅವ್ವ ತಲೆ ತಗ್ಗಿಸಿದಳು. "ನಾನs. ತೆರಿ ಇಲ್ಲಂತ ತೋರಿಸಿದೆ." ಆಶಾ ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ. ಆಗಲೂ ನನಗೆ ಆದದ್ದು ನಾಚಿಕೆಯಲ್ಲ, ಹೊಟ್ಟೆಕಿಚ್ಚು. ಸುಮ್ಮನಿರುವುದರಲ್ಲೂ ಅವಳೇ ನನಗಿಂತ ದೊಡ್ಡವಳಾಗಿದ್ದಳು.

ರೇನರ್ಸ್ ಲೇನಿನ ಮನೆಯನ್ನು ಆಮೇಲೆ ಮಾರಿದೆವು. ನಾನು ಕಾಲೇಜು ಮುಗಿಸಿದ ವರ್ಷ ಕಾಕು ಒಮ್ಮೆ ಲಂಡನ್ನಿಗೆ ಬಂದಾಗ, ಆ ಮನೆ ತೋರಿಸು ಎಂದಳು. ಎದುರಿನ ಫುಟ್‌ಪಾತಿನಲ್ಲಿ ನಿಂತೆವು. ಕಿಟಕಿಗೆ ಬೇರೆಯವರ ಪರದೆ. "ಕಾಕು, ಅವತ್ತ ಸಮುದ್ರದಾಗ..." ಎಂದು ಶುರು ಮಾಡಿದೆ. ಅವಳು ನನ್ನ ಕೈ ಅದುಮಿ, "ಆ ಮಾತ ತಗೀಬ್ಯಾಡವಾ. ಆಶಾ ಇದ್ಲು, ಉಳದೆ" ಎಂದಳು. ಆ ಹೆಸರು ಕೇಳಿದ್ದೇ ಬಾಯಿ ಮುಚ್ಚಿಕೊಂಡೆ. ಇನ್ನೊಮ್ಮೆ ಬಂದಾಗ ಹೇಳಿದರಾಯಿತು ಎಂದುಕೊಂಡೆ.

ಕಳೆದ ವರ್ಷ ಕಾಕು ಪರ್ತ್‌ನಲ್ಲೇ, ಆಸ್ಪತ್ರೆಯಲ್ಲಿ, ನಿದ್ದೆಯಲ್ಲೇ ಹೋದಳು. ಫೋನು ಮಾಡಿದವಳು ಆಶಾ. ಬಹಳ ಹೊತ್ತು ಇಬ್ಬರೂ ಅತ್ತೆವು. ಆಮೇಲೆ ಅವಳು, "ಅಮ್ಮಗ ನಾ ಹೇಳಿಲ್ಲ, ಸುಮಾ" ಎಂದಳು. "ನಾ ಹೇಳಬೇಕಾಗಿತ್ತು" ಎಂದೆ. "ಹೌದು" ಎಂದಳು ಆಶಾ. ಆ ಒಂದು ಮಾತಿನಲ್ಲಿ ಸಿಟ್ಟಿರಲಿಲ್ಲ. ಕ್ಷಮೆ ಕೇಳಬೇಕಾದ ಒಬ್ಬಳೇ ಒಬ್ಬಳು ಇನ್ನಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.