ಗಂಟು ಎಂಬ ಪದ ಕಂಪ್ಯೂಟರಿಗೆ ಹೋದದ್ದು

ಆ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ರೀಸ್ಟಾರ್ಟ್ ಅಕ್ಕ ಎಂದು. ಕಂಪ್ಯೂಟರ್ ಕೆಟ್ಟಿತೆಂದು ಯಾರೇ ಫೋನ್ ಮಾಡಲಿ, ಅವಳ ಬಾಯಿಂದ ಬರುತ್ತಿದ್ದ ಮೊದಲ ಮಾತು, "ಒಂದ್ಸಲ ಆಫ್ ಮಾಡಿ ಆನ್ ಮಾಡಿ, ನೋಡೋಣ." ಬಹಳಷ್ಟು ಸಲ ಅಷ್ಟರಲ್ಲೇ ಸರಿಹೋಗುತ್ತಿತ್ತು. ಆಗದಿದ್ದರೆ ಕನ್ನಡಕ ಒರೆಸಿಕೊಳ್ಳುತ್ತಾ ಮೆಟ್ಟಿಲಿಳಿದು ಬರುತ್ತಿದ್ದಳು. ಒರೆಸಿಕೊಳ್ಳಲೇಬೇಕಿತ್ತು, ಏಕೆಂದರೆ ಅವಳ ಕೋಣೆ ಇದ್ದದ್ದು ಇಸ್ತ್ರಿ ಮಾಡುವ ಹಾಲ್‌ನ ಮೇಲಿನ ಅಂತಸ್ತಿನಲ್ಲಿ. ಕೆಳಗಿನಿಂದ ಏಳುವ ಹಬೆಗೆ ಗಾಜು ಸದಾ ಮಸುಕು. ಚಳಿಗಾಲದಲ್ಲಿ ಮಾತ್ರ ಆ ಕೋಣೆಗೆ ಎಲ್ಲಿಲ್ಲದ ಬೆಲೆ. ನೆಲವೇ ಬೆಚ್ಚಗಿರುತ್ತಿದ್ದುದರಿಂದ ಇಲ್ಲದ ಕೆಲಸ ಹುಟ್ಟಿಸಿಕೊಂಡು ಜನ ಮೇಲೆ ಬರುತ್ತಿದ್ದರು.

ಊರಿನ ಆಸ್ಪತ್ರೆಗಳ, ಹೋಟೆಲುಗಳ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಕಟ್ಟಡದ ನಡುವೆ ಒಂದು ಗೋಡೆ. ಗೋಡೆಯೊಳಗೇ ಕೂರಿಸಿದ ದೊಡ್ಡ ಯಂತ್ರಗಳಿಗೆ ಈ ಕಡೆಯ ಬಾಗಿಲಿನಿಂದ ಕೊಳೆ ಬಟ್ಟೆ ತುಂಬಿದರೆ, ಒಗೆದದ್ದನ್ನು ಆ ಕಡೆಯ ಬಾಗಿಲಿನಿಂದ ತೆಗೆಯುತ್ತಿದ್ದರು. ಕೊಳೆ ಕಡೆಯವರು ಚೊಕ್ಕ ಕಡೆಗೆ ಕಾಲಿಡುವಂತಿರಲಿಲ್ಲ. ಅವಳೂ ಅವಳ ಗಂಡನೂ ಒಂದೇ ಲಾಂಡ್ರಿಯಲ್ಲಿ ದುಡಿದರೂ ಹಗಲಿನಲ್ಲಿ ಮುಖ ನೋಡುತ್ತಿದ್ದದ್ದು ಅಪರೂಪ. ಅವನು ಕೊಳೆ ಬಟ್ಟೆಯ ವ್ಯಾನ್ ಓಡಿಸುತ್ತಿದ್ದ.

ಅವಳು ಅಲ್ಲಿ ಸೇರಿದ್ದು ಟೆಲಿಫೋನ್ ಆಪರೇಟರ್ ಆಗಿ. ಸೇರಿಸಿದ್ದು ಗಂಡನ ಅಣ್ಣ, ಲಾಂಡ್ರಿಯ ಲೆಕ್ಕಪತ್ರದ ಮುಖ್ಯಸ್ಥ. ಆಫೀಸಿನಲ್ಲಿ ಸರ್ ಅನ್ನಬೇಕು ಎಂದು ಅವರೇ ಮೊದಲ ದಿನ ಹೇಳಿಕೊಟ್ಟಿದ್ದರು. ಆದರೆ ಅವಳ ನಾಲಿಗೆ ಕೇಳಬೇಕಲ್ಲ! "ಭಾವ, ನಿಮಗೆ ಫೋನು" ಎಂದು ಅವಳು ಕೂಗಿ ಕೂಗಿ, ಬರಬರುತ್ತಾ ಇಡೀ ಆಫೀಸಿಗೇ ಅವರು ಭಾವ ಆಗಿಬಿಟ್ಟರು. ಒಮ್ಮೆ ಮೀಟಿಂಗಿನಲ್ಲಿ ಯಜಮಾನಿಯೇ ಬಾಯಿ ತಪ್ಪಿ "ಭಾವ ಏನಂತಾರೆ?" ಅಂದಿದ್ದರು. ಟೆಲಿಫೋನ್ ಬೋರ್ಡು ತೆಗೆದುಹಾಕಿದಾಗ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕಂಪ್ಯೂಟರಿನ ಮುಂದೆ ಅವಳನ್ನು ಕೂರಿಸಿದರು. ಸಂಜೆ ತರಗತಿಗೆ ಹೋಗಿ ಕಲಿತಳು. ಕಂಪ್ಯೂಟರುಗಳು ಹೆಚ್ಚಾದಂತೆಲ್ಲ ಅವಳ ಕೆಲಸವೂ ಹೆಚ್ಚಿತು. ಐವತ್ತು ಸಮೀಪಿಸುವ ಹೊತ್ತಿಗೆ ಅಲ್ಲಿನ ಕಂಪ್ಯೂಟರ್ ವಿಭಾಗ ಎಂದರೆ ಅವಳೊಬ್ಬಳೇ.

ಹೀಗಿರುವಾಗ, ಯಾವ ಬಟ್ಟೆ ಯಾರದು, ಎಲ್ಲಿದೆ, ಯಾವಾಗ ಹೊರಡಬೇಕು ಎಂಬುದನ್ನೆಲ್ಲ ನೋಡಿಕೊಳ್ಳುತ್ತಿದ್ದ ಸಾಫ್ಟ್‌ವೇರನ್ನು ಮಾರಿದ್ದ ಕಂಪನಿ ಒಂದು ಸೂಚನೆ ಕಳಿಸಿತು. ಹಳೆಯದನ್ನು ಇನ್ನು ಮುಂದೆ ರಿಪೇರಿ ಮಾಡುವುದಿಲ್ಲ. ಹೊಸದು ಬೇಕಾದರೆ ಬಳಸುವ ಪ್ರತಿಯೊಬ್ಬರ ಲೆಕ್ಕದಲ್ಲಿ ವರ್ಷ ವರ್ಷ ಬಾಡಿಗೆ ಕಟ್ಟಬೇಕು. ವಿವರಗಳೆಲ್ಲ ಅವರ ಸರ್ವರಿನಲ್ಲೇ ಇರುತ್ತವೆ.

ಯಜಮಾನಿ ಅವಳನ್ನೂ ಭಾವನನ್ನೂ ಕರೆಸಿದರು. ಅಪ್ಪನ ಕಾಲದ ನಂತರ ಲಾಂಡ್ರಿ ನಡೆಸುತ್ತಿದ್ದ ಹೆಂಗಸು, ಮಾತು ಚುಟುಕು.

"ಬಾಡಿಗೆ ಬಿಡಿ, ಅದು ಆಮೇಲೆ. ನಮ್ಮ ವಿವರ ಎಲ್ಲ ನಾಳೆ ನಮಗೆ ವಾಪಸ್ ಬೇಕು ಅಂದ್ರೆ?"

"ಅವರ ಪ್ರೋಗ್ರಾಂ ಇದ್ರೆ ಮಾತ್ರ ತೆರೆಯುತ್ತಂತೆ ಮೇಡಂ," ಎಂದಳು ರೀಸ್ಟಾರ್ಟ್ ಅಕ್ಕ.

"ಅಂದ್ರೆ ನಮ್ಮನೆ ಬೀಗದ ಕೈ ಅವರ ಸೊಂಟದಲ್ಲಿ. ಬೇರೆ ದಾರಿ ಇದೆಯಾ?"

ಇತ್ತು. ಅವಳು ಅದನ್ನು ಕೆಲವು ತಿಂಗಳಿಂದ ತನ್ನ ಕೋಣೆಯ ಹಳೆ ಕಂಪ್ಯೂಟರಿನಲ್ಲಿ ಹಾಕಿಕೊಂಡು ಆಡುತ್ತಿದ್ದಳು. "ಓಪನ್ ಸೋರ್ಸ್ ಅಂತಾರೆ ಮೇಡಂ. ಸಾಫ್ಟ್‌ವೇರ್ ಒಳಗಿನ ಬರಹ ಎಲ್ಲರಿಗೂ ತೆರೆದಿರುತ್ತೆ. ಯಾರು ಬೇಕಾದ್ರೂ ಓದಬಹುದು, ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ವಿವರ ಎಲ್ಲ ನಮ್ಮ ಸರ್ವರಲ್ಲೇ ಇರುತ್ತೆ."

"ಯಾರದ್ದು ಅದು?" ಎಂದರು ಭಾವ.

"ಯಾರದ್ದೂ ಅಲ್ಲ ಭಾವ. ಅಂದ್ರೆ, ಎಲ್ಲಾರದ್ದು."

"ಸರಿ ಬಿಡು. ಪುಕ್ಕಟೆ ಕೊಡೋಕೆ ಅವರಿಗೇನು ಹುಚ್ಚಾ? ಏನೋ ಮಸಲತ್ತಿರುತ್ತೆ. ನಾಳೆ ಕೆಟ್ಟರೆ ಯಾರ ಕೊರಳಪಟ್ಟಿ ಹಿಡಿಯೋದು?"

"ನನ್ನದೇ ಹಿಡೀರಿ," ಎಂದಳು ಅವಳು. ಅಂದ ಮೇಲೆ, ಹಾಗೆ ಅನ್ನಬಾರದಿತ್ತೇನೋ ಅನ್ನಿಸಿತು. ಆದರೆ ಅಂದಾಗಿತ್ತು, ಯಜಮಾನಿ ತಲೆಯಾಡಿಸಿಯೂ ಆಗಿತ್ತು.

ವಾರದ ಮೊದಲ ದಿನ ಬೆಳಿಗ್ಗೆ ಇಡೀ ಲಾಂಡ್ರಿಯನ್ನು ಹೊಸ ಸಾಫ್ಟ್‌ವೇರಿಗೆ ತಿರುಗಿಸಿದಳು. ಮೊದಲ ಒಂದು ಗಂಟೆ ಎಲ್ಲವೂ ಸುಗಮ. ಇಷ್ಟೇನಾ, ಇದಕ್ಕೆ ಇಷ್ಟು ಹೆದರಿದೆನಾ ಎಂದುಕೊಂಡಳು. ಆಮೇಲೆ ಶುರುವಾಯಿತು. ಮಡಿಸಿದ ಬಟ್ಟೆಯ ಒಂದೊಂದು ತಳ್ಳುಗಾಡಿಗೂ ಯಾರ ಬಟ್ಟೆ, ಎಲ್ಲಿಗೆ ಎಂಬ ಲೇಬಲ್ ಅಂಟಿಸಬೇಕು. ಆ ಲೇಬಲ್ ಪ್ರಿಂಟರ್ ಹೊಸ ಸಾಫ್ಟ್‌ವೇರಿನ ಮಾತನ್ನೇ ಕೇಳಲಿಲ್ಲ. ಕೆಲವು ಲೇಬಲ್ ಖಾಲಿ ಬಂದವು, ಕೆಲವು ಅರ್ಧ. ಗಾಡಿಗಳು ಹಾಲ್‌ನ ತುಂಬ ಸಾಲುಗಟ್ಟಿದವು. ಹೊರಗೆ ವ್ಯಾನುಗಳು ಹಾರ್ನ್ ಹೊಡೆಯತೊಡಗಿದವು. ಅಂದಾಜಿನ ಮೇಲೆ ಒಂದಷ್ಟು ಗಾಡಿ ಕಳಿಸಿಯೂ ಬಿಟ್ಟರು.

ಮಧ್ಯಾಹ್ನ ಒಂದು ಹೋಟೆಲಿನ ಮ್ಯಾನೇಜರ್ ಫೋನ್ ಮಾಡಿದ. "ಏನಮ್ಮಾ, ಸ್ನಾನದ ಗೌನ್ ಬದಲು ಆಪರೇಷನ್ ಗೌನ್ ಕಳಿಸಿದ್ದೀರಲ್ಲ! ನಮ್ಮಲ್ಲಿಗೆ ಬರೋರು ಮಲಗಿ ಎದ್ದು ಹೋಗೋಕೆ ಬರ್ತಾರೆ, ಹೊಟ್ಟೆ ಕೊಯ್ಸಿಕೊಳ್ಳೋಕಲ್ಲ!"

ನಗು ಬರುವಂಥ ಮಾತು. ಅವಳಿಗೆ ಕಣ್ಣಲ್ಲಿ ನೀರು ಬಂತು. ಎಲ್ಲವನ್ನೂ ವಾಪಸ್ ಹಳೆಯದಕ್ಕೆ ತಿರುಗಿಸಿ, ಅದು ಎದ್ದು ಕೂರುವವರೆಗೆ ಕೆಲಸ ನಿಲ್ಲದಿರಲಿ ಎಂದು ಮಾರ್ಕರ್ ಹಿಡಿದು ಕೆಳಗೆ ಓಡಿದಳು. ಅಲ್ಲಿ ಭಾವ ಆಗಲೇ ಅಂಗಿಯ ತೋಳು ಮಡಚಿಕೊಂಡು, ಮಡಿಸುವ ಮೇಜಿನ ಮೇಲೆ ಬಗ್ಗಿ ಕೈಯಿಂದ ಲೇಬಲ್ ಬರೆಯುತ್ತಿದ್ದರು. ಅಕ್ಷರಗಳು ಮುತ್ತಿನ ಹಾಗಿದ್ದವು.

"ಭಾವ, ನೀವು ಹೇಳಿದ್ದಿರಿ. ನಾನೇ..."

"ಬೈಯೋದು ನಾಳೆ ಬೈತೀನಿ," ಎಂದರು ಅವರು ತಲೆಯೆತ್ತದೆ. "ಇವತ್ತು ಬರಿ. ಆ ಕಡೆಯ ಗಾಡಿಗಳು ಕಣ್ಣಾಸ್ಪತ್ರೆಗೆ."

ಮಾರನೆಯ ದಿನ ಬೈದರು ಕೂಡ, ಕೊಟ್ಟ ಮಾತಿನಂತೆ. ಯಜಮಾನಿ ಬೈಯಲಿಲ್ಲ. "ಎಲ್ಲಿ ತಪ್ಪಿತು ಅಂತ ನೀವೇ ಹೇಳಿ," ಎಂದು ಮಾತ್ರ ಕೇಳಿದರು.

"ಎಲ್ಲಾನೂ ಒಂದೇ ದಿನ ಬದಲಾಯಿಸಿದ್ದು ತಪ್ಪು ಮೇಡಂ. ಒಂದೊಂದೇ ವಿಭಾಗ ಮಾಡಬೇಕಿತ್ತು. ಪ್ರಿಂಟರ್ ಹೊಂದುತ್ತಾ ಅಂತ ಮೊದಲೇ ನೋಡಲಿಲ್ಲ, ಅದು ಇನ್ನೂ ದೊಡ್ಡ ತಪ್ಪು."

"ಸಾಫ್ಟ್‌ವೇರ್ ತಪ್ಪೇನೂ ಇಲ್ವಾ?"

ಅವಳು ಯೋಚಿಸಿದಳು. "ಇಲ್ಲ ಮೇಡಂ. ಅವಸರ ನನ್ನದು."

"ಹಾಗಾದ್ರೆ ಅವಸರ ಬಿಟ್ಟು ಇನ್ನೊಂದ್ಸಲ ಮಾಡಿ."

ಆ ಸಾಫ್ಟ್‌ವೇರ್ ಬಳಸುವವರು, ಬರೆಯುವವರು ಎಲ್ಲ ಸೇರಿ ಮಾತಾಡಿಕೊಳ್ಳುವ ಒಂದು ಫೋರಂ ಅಂತರ್ಜಾಲದಲ್ಲಿತ್ತು. ಅಲ್ಲಿ ಪ್ರಿಂಟರಿನ ಕಥೆಯನ್ನೆಲ್ಲ ಬರೆದಳು, ಆಪರೇಷನ್ ಗೌನಿನ ಸಮೇತ. ಉತ್ತರ ಬಂದದ್ದು ಸಮುದ್ರದಾಚೆಯ ಯಾವುದೋ ದೇಶದ ಲೈಬ್ರರಿಯವನೊಬ್ಬನಿಂದ. ಅವನ ಹತ್ತಿರವೂ ಅದೇ ಪ್ರಿಂಟರ್ ಇತ್ತಂತೆ. ಪುಸ್ತಕದ ಬೆನ್ನಿಗೆ ಅಂಟಿಸುವ ಚೀಟಿ ಮುದ್ರಿಸಲೆಂದು ಅವನೇ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದ. ಬೇಕಾದರೆ ತೆಗೆದುಕೊಳ್ಳಿ, ಗೌನಿನ ಕಥೆ ಓದಿ ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು, ಎಂದು ಬರೆದಿದ್ದ. ಅವಳು ಅದನ್ನು ಹಾಕಿ ನೋಡಿದಳು. ಲೇಬಲ್ ಸ್ವಲ್ಪ ಅಗಲ ಕಡಿಮೆ ಬಂತು. ತಾನೇ ಅಳತೆ ತಿದ್ದಿದಳು. ಪ್ರಿಂಟರ್ ಗರ್ರ್ ಎಂದು ಚೊಕ್ಕ ಲೇಬಲನ್ನು ಹೊರಗೆ ಚಾಚಿತು.

ಭಾವ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಆ ಪುಣ್ಯಾತ್ಮ ನಮಗ್ಯಾಕೆ ಮಾಡಿಕೊಟ್ಟ?"

"ತನಗಾಗಿ ಮಾಡಿಕೊಂಡಿದ್ದ ಭಾವ. ನಮಗೂ ಹೊಂದಿತು ಅಷ್ಟೆ. ನಾನು ತಿದ್ದಿದ್ದನ್ನ ವಾಪಸ್ ಕಳಿಸಿದ್ದೀನಿ, ಇನ್ಯಾರಿಗಾದ್ರೂ ಆಗುತ್ತೆ."

"ವಿಚಿತ್ರ ಜನ," ಎಂದರು. ಆದರೆ ಲೇಬಲನ್ನು ಜೇಬಿಗೆ ಹಾಕಿಕೊಂಡರು.

ಈ ಸಲ ಅವಳು ಆಮೆಯ ಹಾಗೆ ನಡೆದಳು. ಮೊದಲು ಸೋಪಿನ ಉಗ್ರಾಣ. ಅದು ಸರಿಹೋಗಿ ಜನಕ್ಕೆ ಕೈ ಪಳಗಿದ ಮೇಲೆ ಕೊಳೆ ಬಟ್ಟೆಯ ಬಾಗಿಲು, ಆಮೇಲೆ ಇಸ್ತ್ರಿ. ಹಳೆಯದೂ ಪಕ್ಕದಲ್ಲೇ ನಡೆಯುತ್ತಿತ್ತು. ಕೊನೆಗೆ ಉಳಿದದ್ದು ಬಟ್ಟೆ ಮಡಿಸುವ ಹಾಲ್. ಅಲ್ಲಿ ತೊಂದರೆ ಕೊಟ್ಟದ್ದು ಯಂತ್ರವಲ್ಲ, ಭಾಷೆ.

ಆ ಹಾಲ್‌ನ ಮೇಲ್ವಿಚಾರಣೆ ನೋಡುತ್ತಿದ್ದ ಹಿರಿಯ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಪರದೆಯ ಮೇಲಿನ ಗುಂಡಿಯನ್ನು ಆಕೆ ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದರು. "ಸಮೂಹ ಘಟಕ ರವಾನೆಯನ್ನು ದೃಢೀಕರಿಸಿ." ಓದಿ, ಕೈಮುಗಿದರು. "ಇದೇನೇ ತಾಯಿ, ಮಂತ್ರಾನಾ? ಇದನ್ನ ಒತ್ತಿದ್ರೆ ಏನಾಗುತ್ತೆ, ದೇವರು ಪ್ರತ್ಯಕ್ಷ ಆಗ್ತಾನಾ?"

ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ಯಾರೋ ಪುಣ್ಯಾತ್ಮರು ನಿಘಂಟು ಮುಂದಿಟ್ಟುಕೊಂಡು ಮಾಡಿದ ಅನುವಾದ. ಅರ್ಥವಾಗದೆ ಹೆಂಗಸರು ಒಂದರ ಬದಲು ಇನ್ನೊಂದನ್ನು ಒತ್ತುತ್ತಿದ್ದರು.

"ಇದಕ್ಕೆ ನೀವೇನಂತೀರಿ ದೊಡ್ಡಮ್ಮ?"

"ಏನಂತೀವಿ? ಗಂಟು ಕಳಿಸು ಅಂತೀವಿ."

ರೀಸ್ಟಾರ್ಟ್ ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತು ಟೈಪ್ ಮಾಡಿದಳು. ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಗುಂಡಿಯ ಮೇಲೆ ಈಗ "ಗಂಟು ಕಳಿಸು" ಎಂದಿತ್ತು.

ದೊಡ್ಡಮ್ಮ ಬಾಯಿಯ ಮೇಲೆ ಬೆರಳಿಟ್ಟುಕೊಂಡರು. "ಅಯ್ಯೋ! ನಾನು ಅಂದಿದ್ದನ್ನೇ ಬರ್ಕೊಂಡುಬಿಡ್ತಲ್ಲೇ!"

ಆಮೇಲೆ ಕೇಳಬೇಕೆ? ಮಡಿಸುವ ಕೈ ಮಡಿಸುತ್ತಲೇ ಇತ್ತು, ಬಾಯಿಗಳು ಪದ ಹೇಳುತ್ತಲೇ ಇದ್ದವು. "ಹಾನಿಗೊಳಗಾದ ಸಾಮಗ್ರಿ" ಹೋಗಿ "ಹರಿದಿದ್ದು" ಬಂತು. "ಪುನಃಸಂಸ್ಕರಣೆ" ಹೋಗಿ "ಮತ್ತೆ ಒಗಿ" ಬಂತು. ಸಂಜೆಯ ಹೊತ್ತಿಗೆ ಯಾರೂ ತಪ್ಪು ಗುಂಡಿ ಒತ್ತುತ್ತಿರಲಿಲ್ಲ.

ಸುದ್ದಿ ಮೇಲಕ್ಕೆ ಮುಟ್ಟಿ ಭಾವ ದುಮುದುಮು ಬಂದರು. "ಗಂಟು ಅಂತ ಬರೆದಿದ್ದೀಯಂತೆ? ವ್ಯಾಪಾರದ ಸಾಫ್ಟ್‌ವೇರಲ್ಲಿ ಗಂಟಾ? ನಾಳೆ ಮೂಟೆ ಅಂತೀಯ!"

"ಮೂಟೆ ಬೇರೆ ಇದೆ ಭಾವ. ಕೊಳೆ ಬಟ್ಟೆಗೆ ಮೂಟೆ, ಮಡಿಸಿದ್ದಕ್ಕೆ ಗಂಟು. ಅವರು ಬಲು ಕಟ್ಟುನಿಟ್ಟು."

ಭಾವ ಪರದೆಯತ್ತ ಬಗ್ಗಿದರು. ನಂತರ ತಮ್ಮ ಲೆಕ್ಕಪತ್ರದ ಪುಟಗಳನ್ನು ತೆರೆಸಿ ನೋಡಿ ಕೆಂಡವಾದರು. "ಇದ್ಯಾವನು ಬರೆದಿದ್ದು? 'ವ್ಯಯಿಸಲ್ಪಟ್ಟ ಮೊಬಲಗು' ಅಂತೆ! ಖರ್ಚು ಅನ್ನೋಕೆ ಅವನಿಗೇನು ಬಾಯಿ ನೋವಾ?"

"ನೀವೇ ತಿದ್ದಿ."

"ನಾನಾ? ಯಾರನ್ನ ಕೇಳಬೇಕು?"

"ನಮಗೆ ಮಾತ್ರ ಆದ್ರೆ ಯಾರನ್ನೂ ಕೇಳಬೇಕಿಲ್ಲ. ಎಲ್ಲಾರಿಗೂ ಆಗಲಿ ಅಂದ್ರೆ ಫೋರಂಗೆ ಕಳಿಸಿ. ಅಲ್ಲಿ ನೋಡೋರು ಒಪ್ಪಿದ್ರೆ ಎಲ್ಲಾ ಕಡೆ ಬರುತ್ತೆ."

ಭಾವ ಕುರ್ಚಿ ಎಳೆದುಕೊಂಡರು. ಅಂದಿನಿಂದ ಅವರಿಗೆ ಅದೊಂದು ಗೀಳಾಯಿತು. ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಮೌಸ್. ಯಾವುದೋ ಊರಿನ ಔಷಧಿ ಅಂಗಡಿಯಾಕೆಯೂ ಅದೇ ಅನುವಾದ ತಿದ್ದುತ್ತಿದ್ದಳು. ರಶೀದಿ ಎನ್ನಬೇಕೋ ಸ್ವೀಕೃತಿ ಪತ್ರ ಎನ್ನಬೇಕೋ ಎಂದು ಇಬ್ಬರಿಗೂ ಫೋರಂನಲ್ಲಿ ಜಟಾಪಟಿ ನಡೆಯಿತು. "ನಾನು ಹುಟ್ಟಿದಾಗಿನಿಂದ ರಶೀದಿ ಕೊಟ್ಟಿದ್ದೀನಿ, ಇವಳ್ಯಾರು ಹೇಳೋಕೆ," ಎಂದು ಮನೆಯಲ್ಲೂ ಗೊಣಗಿದರು. ವಾರಗಿತ್ತಿ ಫೋನ್ ಮಾಡಿ, "ಏನೇ ಮಾಡಿದೀಯ ನಮ್ಮನೆಯವರಿಗೆ? ತಟ್ಟೆ ಮುಂದೆ ಕೂತು ಪದ ಅಗೀತಾರೆ," ಎಂದು ನಕ್ಕಳು. ಕೊನೆಗೆ ರಶೀದಿಯೇ ಉಳಿಯಿತು. ಆದರೆ "ಶೇಷ ಮೊತ್ತ"ಕ್ಕೆ "ಉಳಿಕೆ" ಎಂಬ ಆ ಅಂಗಡಿಯಾಕೆಯ ಸಲಹೆಯೇ ಮೇಲು ಎಂದು ಭಾವನೇ ಒಪ್ಪಿ ಬರೆದರು.

ಸಾಫ್ಟ್‌ವೇರಿನ ಮುಂದಿನ ಆವೃತ್ತಿ ಬಂದಾಗ ಅದರಲ್ಲಿ ಇಲ್ಲಿಂದ ಕಳಿಸಿದ್ದ ಗಂಟು ಇತ್ತು. ಬೇರೆಲ್ಲೋ ಇನ್ನೊಂದು ಲಾಂಡ್ರಿ ನಡೆಸುವವಳು ಫೋರಂನಲ್ಲಿ ಬರೆದಳು: ಗಂಟು ಕಳಿಸು ಅಂತ ನೋಡಿ ಎಲ್ಲಾರೂ ಕೆಲಸ ಬಿಟ್ಟು ಬಂದು ನೋಡಿದ್ರು, ಇದನ್ನ ಬರೆದೋರು ಬಟ್ಟೆ ಮುಟ್ಟಿದೋರೇ ಇರಬೇಕು. ರೀಸ್ಟಾರ್ಟ್ ಅಕ್ಕ ಅದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ದೊಡ್ಡಮ್ಮನಿಗೆ ಕೊಟ್ಟಳು. ದೊಡ್ಡಮ್ಮ ಅದನ್ನು ಮಡಚುವಾಗ, ಅಭ್ಯಾಸಬಲ, ಅಂಚಿಗೆ ಅಂಚು ಕೂಡಿಸಿ ಮೂರು ಸಲ ನೀವಿದರು.

ಯಜಮಾನಿ ಅದಾದ ಮೇಲೆ ಕೆಲವು ಸಂಗತಿ ಗೊತ್ತುಮಾಡಿದರು. ಇನ್ನು ಯಾವ ಹೊಸ ಸಾಫ್ಟ್‌ವೇರ್ ಬೇಕಾದರೂ ಮೊದಲು ಓಪನ್ ಸೋರ್ಸ್‌ನದು ಇದೆಯೇ ಎಂದು ನೋಡಬೇಕು, ಇದ್ದರೂ ಮೊದಲು ಒಂದೇ ವಿಭಾಗದಲ್ಲಿ ಬಳಸಿ ನೋಡಬೇಕು. ಬಾಡಿಗೆಗೆಂದು ಎತ್ತಿಟ್ಟಿದ್ದರಲ್ಲಿ ಒಂದು ಪಾಲನ್ನು ವರ್ಷಕ್ಕೊಮ್ಮೆ ಈ ಸಾಫ್ಟ್‌ವೇರ್ ಬರೆಯುವವರಿಗೆ ಕಳಿಸಬೇಕು. ಇದಕ್ಕೆ ಭಾವ ತಕರಾರು ಮಾಡುತ್ತಾರೆಂದು ಎಲ್ಲರೂ ಕಾದರು. ಅವರು, "ಕಳಿಸಲೇಬೇಕು. ಬರೀ ಈಸ್ಕೊಂಡು ಕೂತ್ರೆ ಚೆನ್ನಾಗಿರಲ್ಲ," ಎಂದರು. ಮೂರನೆಯದು, ಕಂಪ್ಯೂಟರ್ ವಿಭಾಗಕ್ಕೆ ಇನ್ನೊಬ್ಬರು ಬೇಕು. ಹಿಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ, ಎರಡು ಮಕ್ಕಳ ತಾಯಿಯೊಬ್ಬಳು ಬಂದು ಸೇರಿದಳು. ಲಾಂಡ್ರಿಯಲ್ಲಿ ಏನು ಹೇಗೆ ನಡೆಯುತ್ತದೆಂದು ಅವಳು ಬೇಗ ಕಲಿತಳು, ಏಕೆಂದರೆ ಸಾಫ್ಟ್‌ವೇರಿನೊಳಗಿನದನ್ನೆಲ್ಲ ತೆರೆದು ಓದಬಹುದಿತ್ತು.

ಆ ವರ್ಷ ರೀಸ್ಟಾರ್ಟ್ ಅಕ್ಕ ಮೊದಲ ಬಾರಿಗೆ ಉದ್ದ ರಜೆ ಹಾಕಿ ತಂಗಿಯ ಮನೆಗೆ ಹೋದಳು. ಮೊದಲ ದಿನ ಫೋನನ್ನು ಕೈಯಿಂದ ಇಳಿಸಲಿಲ್ಲ. ತಂಗಿ ರೇಗಿದಳು. "ಅಕ್ಕಾ, ಅದು ಬಡ್ಕೊಂಡಾಗ ನೋಡು. ಸುಮ್ಮನಿರೋದನ್ನ ಯಾಕೆ ದುರುಗುಟ್ಟಿ ನೋಡ್ತೀಯ?"

"ಅಲ್ವೇ, ಯಾರೂ ಕರೀಲಿಲ್ಲ ಅಂದ್ರೆ ಏನೋ ಆಗಿರಬೇಕು."

"ಏನೂ ಆಗಿಲ್ಲ, ಅದಕ್ಕೇ ಕರೀಲಿಲ್ಲ. ಎದ್ದೇಳು."

ಅವಳು ಎದ್ದಳು. ಇಬ್ಬರೂ ಪರದೆ ಬಟ್ಟೆ ಕೊಳ್ಳಲು ಪೇಟೆಗೆ ಹೋದರು. ಅಂಗಡಿಯವನು ಥಾನುಗಳನ್ನು ಮೇಜಿನ ಮೇಲೆ ಉರುಳಿಸಿ ಬಿಚ್ಚಿದ. ತಂಗಿಗೆ ಹಳದಿ ಹೂವಿನದು ಬೇಕಿತ್ತು. ಅಕ್ಕ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ, ಇದು ಒಂದು ಒಗೆತಕ್ಕೆ ಬಣ್ಣ ಬಿಡುತ್ತೆ, ನೀಲಿ ತಗೋ ಎಂದಳು. ಅರ್ಧ ಗಂಟೆ ಜಗಳವಾಡಿದರು. ಕೊನೆಗೆ ಹಳದಿಯನ್ನೇ ಕೊಂಡು, ಬಿಸಿಲಲ್ಲಿ ನಗುತ್ತಾ ಮನೆಗೆ ನಡೆದು ಬಂದರು.