ಕುರೆಕುಪ್ಪದಲ್ಲಿ ಅದುರಿದ ಹೆಬ್ಬೆರಳು

ಮೊದಲ ದಿನ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ಕೆಳಗೆ ನೋಡಿದಾಗ ನನಗೆ ಕಂಡದ್ದು ಕುದಿಯುವ ಬೆಳಕು. ಒಂದು ಕೋಣೆಯಷ್ಟು ದೊಡ್ಡ ಕೊಪ್ಪರಿಗೆ, ಅದರ ತುಂಬ ಕರಗಿದ ಉಕ್ಕು. ಆ ಕೊಪ್ಪರಿಗೆಗೆ ಇಲ್ಲಿಯವರು ಲ್ಯಾಡಲ್ ಅನ್ನುತ್ತಾರೆ. ಕಪ್ಪು ಗಾಜಿನ ಮೂಲಕ ನೋಡಿದರೂ ಕಣ್ಣಲ್ಲಿ ನೀರು ಬರುತ್ತದೆ. ಮಂಗಳೂರು ಕಡೆಯ ಬಂದರಿನಲ್ಲಿ ಹಡಗುಗಳಿಂದ ಮರದ ದಿಮ್ಮಿ, ಗೊಬ್ಬರದ ಮೂಟೆ ಎತ್ತಿ ಇಳಿಸಿ ರೂಢಿಯಿದ್ದ ನಾನು ಅಂದು ಬೆಂಕಿಯನ್ನೇ ಕೊಕ್ಕೆಗೆ ಸಿಕ್ಕಿಸಿಕೊಂಡು ಗಾಳಿಯಲ್ಲಿ ಸಾಗಿಸಬೇಕಿತ್ತು. ಪಕ್ಕದಲ್ಲಿ ಕೂತು ಕಲಿಸುತ್ತಿದ್ದ ಹಿರಿಯ ಆಪರೇಟರ್ ಏನೋ ಹೇಳುತ್ತಿದ್ದರು. ನನಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಭೂಮಿಯ ಹೊಟ್ಟೆಯೊಳಗಿನದನ್ನು ಮನುಷ್ಯರು ಹೀಗೆ ಹೊರಗೆ ತಂದು ದಿನನಿತ್ಯದ ಕೆಲಸ ಮಾಡಿಕೊಂಡಿದ್ದಾರಲ್ಲ ಎಂದು ಬಾಯಿ ತೆರೆದುಕೊಂಡು ಕೂತಿದ್ದೆ.

ಬಂದರಿನಲ್ಲಿ ನನ್ನ ಕಂತ್ರಾಟು ಮುಗಿದಿತ್ತು. ತೋರಣಗಲ್ಲಿನ ಹತ್ತಿರದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೆಂಡತಿ ಶೈಲಾ ಸುರತ್ಕಲ್ಲಿನ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ಅವಳ ಕೆಲಸ ಬಿಡಿಸುವುದು ಬೇಡ ಎಂದುಕೊಂಡು, ನಾನೊಬ್ಬನೇ ಮೇ ತಿಂಗಳ ಸುಡುಬಿಸಿಲಿನಲ್ಲಿ ಬಂದು ಕುರೆಕುಪ್ಪದಲ್ಲಿ ಮಹಡಿಯ ಮೇಲಿನ ಒಂದು ಕೋಣೆ ಹಿಡಿದೆ.

ಊರಿನಲ್ಲಿ ಮಳೆಗಾಲಕ್ಕೆ ಗೋಡೆ ಹಸಿರಾಗುತ್ತದೆ, ಇಲ್ಲಿ ವರ್ಷವಿಡೀ ಕೆಂಪು. ಕಿಟಕಿಯ ಸರಳು, ನೀರಿನ ಕೊಡದ ಮುಚ್ಚಳ, ದಿಂಬು, ಎಲ್ಲದರ ಮೇಲೂ ಅದಿರಿನ ಸಣ್ಣ ಧೂಳು. ನನ್ನ ಬಿಳಿ ಬನಿಯನ್ನುಗಳು ಒಂದೇ ತಿಂಗಳಲ್ಲಿ ಹಂಚಿನ ಬಣ್ಣಕ್ಕೆ ತಿರುಗಿದವು. ಅಲ್ಲಿ ಜುಲೈಯಲ್ಲಿ ಒಗೆದ ಪ್ಯಾಂಟು ಒಣಗಲು ಒಲೆಯ ಪಕ್ಕ ತೂಗಹಾಕಬೇಕು. ಇಲ್ಲಿ ಎರಡನೆಯ ಬಟ್ಟೆ ಹಿಂಡುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಬೆಳಗಿನ ತಿಂಡಿ ಒಗ್ಗರಣಿ-ಮಿರ್ಚಿ. ಒಗ್ಗರಣಿ ಎಂದರೆ ನೆನೆಸಿ ಹಿಂಡಿದ ಮಂಡಕ್ಕಿಗೆ ಹಾಕಿದ ಒಗ್ಗರಣೆ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ. ಮೊದಲ ದಿನ ಅದರ ಖಾರಕ್ಕೆ ಕಿವಿ ಬಿಸಿಯಾಯಿತು, ವಾರದೊಳಗೆ ಅದಿಲ್ಲದೆ ಬೆಳಗಾಗುತ್ತಿರಲಿಲ್ಲ. ನಾನು "ಎಂತ?" ಎಂದು ಕೇಳಿದರೆ ಕ್ಯಾಂಟೀನಿನವರೆಲ್ಲ ನಗುತ್ತಿದ್ದರು. ಅವರ "ಕುಂದ್ರಿ" ಎಂದರೆ ಕುಳಿತುಕೊಳ್ಳಿ ಎಂದು ತಿಳಿಯಲು ನನಗೂ ಎರಡು ದಿನ ಬೇಕಾಯಿತು.

ನನಗೆ ಇಲ್ಲಿ ಮೊದಲು ಗೆಳೆಯನಾದವನು ಹುಲಿಗೆಪ್ಪ. ಸಂಡೂರು ತಾಲೂಕಿನ ಬಂಡ್ರಿಯವನು, ನನಗಿಂತ ಐದಾರು ವರ್ಷ ಚಿಕ್ಕವನು. ಅವನದು ನೆಲದ ಮೇಲೆ ನಿಂತು ಕ್ರೇನಿಗೆ ಕೈಸನ್ನೆ ತೋರಿಸುವ ಕೆಲಸ. ಮೇಲೆ ಕೂತ ನನಗೆ ಕೊಪ್ಪರಿಗೆಯ ಆಚೆ ಏನಿದೆ ಎಂದು ಕಾಣುವುದಿಲ್ಲ. ಅವನ ಕೈ ಮೇಲೆ ಹೋದರೆ ಎತ್ತಬೇಕು, ಮುಷ್ಟಿಯಾದರೆ ನಿಲ್ಲಿಸಬೇಕು. ಅವನ ಕೈಯನ್ನು ನಾನು ನಂಬಬೇಕು, ನನ್ನ ಕೈಯನ್ನು ಅವನು ನಂಬಬೇಕು.

ಮಳೆ ಮುಗಿದ ಮೇಲೆ ಒಂದು ಭಾನುವಾರ ಹುಲಿಗೆಪ್ಪ ನನ್ನನ್ನು ಬೈಕಿನಲ್ಲಿ ಹಂಪಿಗೆ ಕರೆದೊಯ್ದ. ದೇವಸ್ಥಾನಗಳನ್ನು ಚಿತ್ರಗಳಲ್ಲಿ ನೋಡಿದ್ದೆ. ಆದರೆ ಬಂಡೆಗಳ ಬಗ್ಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಕಣ್ಣು ಹಾಯುವವರೆಗೆ ಬಂಡೆಯ ಮೇಲೆ ಬಂಡೆ, ಈಗ ಉರುಳಿತು ಅನ್ನುವ ಹಾಗೆ ನಿಂತು ಯುಗಗಳಿಂದ ಉರುಳದೆ ಉಳಿದಿವೆ. ನಾನು ವೃತ್ತಿಯಿಂದ ಭಾರ ಎತ್ತುವವನು. ಪ್ರತಿ ಬಂಡೆಯನ್ನು ನೋಡಿದಾಗಲೂ ಇದಕ್ಕೆ ಸರಪಳಿ ಎಲ್ಲಿ ಹಾಕುವುದು, ತೂಕದ ಮಧ್ಯ ಎಲ್ಲಿ ಎಂದು ಲೆಕ್ಕ ಹಾಕುತ್ತಾ ಹೋಗಿ, ಕೊನೆಗೆ ಸೋತು ಒಂದು ಹಾಸುಗಲ್ಲಿನ ಮೇಲೆ ಕೂತೆ. ಕಡಲನ್ನು ಬಿಟ್ಟರೆ ನನ್ನನ್ನು ಅಷ್ಟು ಸಣ್ಣವನನ್ನಾಗಿ ಮಾಡಿದ್ದು ಆ ಕಲ್ಲುಗಳೇ.

ಅಲ್ಲಿ ಕೂತಿದ್ದಾಗಲೇ ನನ್ನ ಎಡಗಾಲಿನ ಮೀನಖಂಡ ಅದುರತೊಡಗಿತು. ಚರ್ಮದ ಕೆಳಗೆ ಹುಳವೊಂದು ಹರಿದಾಡಿದ ಹಾಗೆ. ನೋವಿಲ್ಲ, ನಾನು ಅಲುಗಿಸುತ್ತಲೂ ಇಲ್ಲ. ಗುಡ್ಡ ಹತ್ತಿದ ದಣಿವು ಎಂದುಕೊಂಡೆ.

ದಣಿವು ಹೋದರೂ ಅದುರುವುದು ನಿಲ್ಲಲಿಲ್ಲ. ಮರುದಿನ ಕಣ್ಣಿನ ರೆಪ್ಪೆ, ಆಮೇಲೆ ಭುಜ, ತೊಡೆ. ಎಲ್ಲಿ, ಯಾವಾಗ ಎಂಬುದಕ್ಕೆ ಗೊತ್ತುಗುರಿ ಇರಲಿಲ್ಲ. ನಾನು ಮೊಬೈಲಿನಲ್ಲಿ ಹುಡುಕಿದೆ. ಅದೇ ತಪ್ಪಾಯಿತು. ನರಗಳು ಒಂದೊಂದಾಗಿ ಸತ್ತು, ಸ್ನಾಯುಗಳು ಕರಗಿ, ಕೊನೆಗೆ ಉಸಿರಾಡಲೂ ಆಗದ ಒಂದು ಕಾಯಿಲೆಯ ಬಗ್ಗೆ ಓದಿದೆ. ಅದರಲ್ಲಿಯೂ ಸ್ನಾಯು ಅದುರುತ್ತದಂತೆ. ಅಂದಿನಿಂದ ಕೋಣೆಯೊಳಗೆ ಹಿಮ್ಮಡಿಯ ಮೇಲೆ ನಡೆದು ನೋಡುವುದು, ತುದಿಗಾಲಿನಲ್ಲಿ ನಿಲ್ಲುವುದು, ಎರಡೂ ಕಾಲಿನ ಮೀನಖಂಡಕ್ಕೆ ದಾರ ಸುತ್ತಿ ಯಾವುದು ಸಣ್ಣದಾಗಿದೆ ಎಂದು ಅಳೆಯುವುದು ಶುರುವಾಯಿತು. ಅಳೆದಷ್ಟೂ ಸಣ್ಣದಾಗಿಯೇ ಕಾಣುತ್ತಿತ್ತು. ನಿಜಕ್ಕೂ ನನ್ನ ತೂಕ ಇಳಿಯುತ್ತಿತ್ತು, ಬೆಲ್ಟಿಗೆ ಹೊಸ ತೂತು ಹಾಕಿಸಿದ್ದೆ. ನನ್ನ ಹೆದರಿಕೆಗೆ ಇನ್ನೇನು ಸಾಕ್ಷಿ ಬೇಕು?

ಇನ್ನೂ ಕೆಲವು ತೊಂದರೆಗಳಿದ್ದವು, ಅವನ್ನು ನಾನು ಕಾಯಿಲೆಯ ಲೆಕ್ಕಕ್ಕೆ ಸೇರಿಸಲೇ ಇಲ್ಲ. ಸದಾ ಬೆವರು, ಬಿಸಿಲಿಗೆ ಎಂದುಕೊಂಡೆ. ಎದೆ ಡವಗುಟ್ಟುವುದು ಕರಗಿದ ಉಕ್ಕಿನ ಮೇಲೆ ಕೂರುವುದಕ್ಕೆ. ನಿದ್ದೆ ಬಾರದ್ದು ಕಡಲಿನ ಸದ್ದಿಲ್ಲದ್ದಕ್ಕೆ. ಎರಡು ಊಟ ಉಂಡರೂ ಹಸಿವೆಯಾಗುವುದು ಕುಚ್ಚಲಕ್ಕಿ ಅನ್ನವಿಲ್ಲದ್ದಕ್ಕೆ. ಈ ಊರು ನನಗೆ ಒಗ್ಗಿಲ್ಲ ಎಂದು ಶೈಲಾಳಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅದುರುವ ವಿಷಯ ಮಾತ್ರ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಖಾಲಿ ಕೊಕ್ಕೆಯನ್ನು ಹಿಂದಕ್ಕೆ ತರುತ್ತಿದ್ದಾಗ, ಲಿವರ್ ಹಿಡಿದ ನನ್ನ ಬಲಗೈ ಹೆಬ್ಬೆರಳು ತಾನೇ ತಾನಾಗಿ ಎರಡು ಸಲ ಎಗರಿತು. ಕ್ರೇನಿಗೆ ಏನೂ ಆಗಲಿಲ್ಲ. ಆದರೆ ನಾನು ಲಿವರ್ ಬಿಟ್ಟು ಕೈ ಹಿಂದಕ್ಕೆ ಎಳೆದುಕೊಂಡೆ. ಮುಚ್ಚಿಟ್ಟರೆ ಕೆಲಸ ಉಳಿಯುತ್ತದೆ. ಹೇಳಿದರೆ ಕ್ರೇನಿನಿಂದ ಇಳಿಸುತ್ತಾರೆ, ಬಹುಶಃ ಊರಿಗೇ ಕಳಿಸುತ್ತಾರೆ. ಗಾಜಿನ ಮೂಲಕ ಕೆಳಗೆ ನೋಡಿದೆ. ಹುಲಿಗೆಪ್ಪ ಹಳದಿ ಹೆಲ್ಮೆಟ್ಟು ಹಾಕಿಕೊಂಡು ನನ್ನತ್ತಲೇ ಮುಖವೆತ್ತಿ ನಿಂತಿದ್ದ.

ಶಿಫ್ಟು ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಅವನಿಗೆ ಎಲ್ಲವನ್ನೂ ಹೇಳಿದೆ. ಅವನು ನನ್ನ ಕೈಯನ್ನು ಮೇಜಿನ ಮೇಲೆ ಇಡಿಸಿ ಸ್ವಲ್ಪ ಹೊತ್ತು ಹೆಬ್ಬೆರಳನ್ನೇ ನೋಡಿದ. ಅದು ಮತ್ತೆ ಎಗರಿತು.

"ಅಣ್ಣಾರ, ನಿಮ್ಮನ್ನ ಹೆದರಸಾಕ ಹೇಳಾಕತ್ತಿಲ್ಲ," ಎಂದ. "ಆದ್ರ ಈ ಹೆಬ್ಬಟ್ಟಿನ ಕೆಳಗ ದಿನಾ ನಿಂದ್ರಾಂವ ನಾನ ಅದೀನಿ. ನೀವು ಇವತ್ತ ಹೇಳೀರಿ ಅಂತ ನಾಳಿನೂ ನಿಮ್ಮ ಕ್ರೇನಿನ ಕೆಳಗ ನಿಂದರ್ತೀನಿ. ಹೇಳದ ಇದ್ದು ನಂಗ ಆಮ್ಯಾಲ ಗೊತ್ತಾಗಿದ್ರ ಹೆಂಗ ನಿಂದರ್ತಿದ್ದೆ?"

ಮರುದಿನ ಶಿಫ್ಟ್ ಇನ್‌ಚಾರ್ಜ್ ಹತ್ತಿರ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಡಾಕ್ಟರು ಸರಿ ಎನ್ನುವವರೆಗೆ ನೆಲದ ಮೇಲೆ ಸರಪಳಿ, ಕೊಕ್ಕೆಗಳನ್ನು ಪರೀಕ್ಷಿಸುವ ಕೆಲಸಕ್ಕೆ ಹಾಕಿದರು. ಶೈಲಾಳಿಗೂ ಹೇಳಿದೆ. ಇಷ್ಟು ದಿನ ಒಬ್ಬರೇ ಇದನ್ನು ಇಟ್ಟುಕೊಂಡು ಕೂತಿದ್ದೀರಾ, ಬಿಟ್ಟು ಬನ್ನಿ, ಮೀನು ಮಾರಿಯಾದರೂ ಬದುಕುವ ಎಂದಳು.

ಡಿಸೆಂಬರಿನಲ್ಲಿ ಹುಲಿಗೆಪ್ಪನೇ ನನ್ನನ್ನು ಹೊಸಪೇಟೆಗೆ, ಒಬ್ಬ ಹಿರಿಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದ. ನಾನು ಕೂತವನೇ ನರದ ಕಾಯಿಲೆಯ ಹೆಸರು ಹೇಳಿ, ಅದು ನನಗೆ ಬಂದಿದೆ ಎಂದೆ. ಆಕೆ ನಗಲಿಲ್ಲ. ನನ್ನ ಕೈಕಾಲುಗಳ ಬಲ ನೋಡಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕೈ ಮುಂದಕ್ಕೆ ಚಾಚಿಸಿ ಬೆರಳುಗಳ ಮೇಲೆ ಒಂದು ಕಾಗದ ಇಟ್ಟರು. ಕಾಗದ ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗಿತು. ನಾಡಿ ಹಿಡಿದರು. ಕೊನೆಗೆ ಒಂದು ಲೋಟ ನೀರು ಕೊಟ್ಟು, ಗುಟುಕು ಗುಟುಕಾಗಿ ಕುಡಿಯಲು ಹೇಳಿ ನನ್ನ ಗಂಟಲನ್ನೇ ನೋಡುತ್ತಾ ಕೂತರು. ಆಮೇಲೆ ಹಸಿವು, ನಿದ್ದೆ, ಬೆವರು, ತೂಕ ಎಲ್ಲ ಕೇಳಿದರು.

"ಇವನ್ನೆಲ್ಲ ಮೊದಲ ಯಾಕ ಹೇಳ್ಲಿಲ್ರಿ?"

"ಇಲ್ಲಿನ ಬಿಸಿಲಿಗೆ ಅಂತ ತಿಳಿದೆ ಮೇಡಂ. ಊರು ಒಗ್ಗಿಲ್ಲ ಅಂತ."

"ನಮ್ಮೂರಾಗ ಬಿಸಿಲು ಭಾಳ ಐತಿ, ಸುಳ್ಳಲ್ಲ," ಎಂದರು ಆಕೆ. "ಆದ್ರ ಡಿಸೆಂಬರ್‌ನಾಗ ನಿಮ್ಮಂಗ ಯಾರೂ ಬೆವರಂಗಿಲ್ರಿ."

ರಕ್ತಪರೀಕ್ಷೆಯ ಫಲಿತಾಂಶ ಬಂತು. ಗಂಟಲಿನ ಥೈರಾಯ್ಡ್ ಗ್ರಂಥಿ ಬೇಕಾದ್ದಕ್ಕಿಂತ ಬಹಳ ಹೆಚ್ಚು ಕೆಲಸ ಮಾಡುತ್ತಿತ್ತು. ದೇಹದ ಒಲೆಗೆ ಅದು ಸುಮ್ಮನೆ ಸೌದೆ ತುರುಕುತ್ತಿತ್ತು. ತೂಕ, ಬೆವರು, ಎದೆಬಡಿತ, ನಡುಕ ಎಲ್ಲಕ್ಕೂ ಅದೇ ಮೂಲ, ಅದುರುವುದಕ್ಕೂ ಹೆಚ್ಚಿನ ಪಾಲು ಅದೇ ಇರಬಹುದು ಎಂದರು. ನಾನು ಹುಡುಕಿದ್ದ ಕಾಯಿಲೆಯ ಯಾವ ಗುರುತೂ ಅವರಿಗೆ ಕಾಣಲಿಲ್ಲ. ಕಡಲ ಮೀನು ತಿನ್ನುವುದು ಬಿಟ್ಟು ಅಯೋಡಿನ್ ಕಡಿಮೆಯಾಯಿತೇನೋ ಎಂದು ನಾನು ಕೇಳಿದೆ. ಮೊಬೈಲಿನಲ್ಲಿ ಓದಿ ಅಯೋಡಿನ್ ಹನಿಗಳನ್ನು ತರಿಸಬೇಕೆಂದೂ ಇದ್ದೆ. ಆಕೆ ಗಟ್ಟಿಯಾಗಿ ಬೇಡವೆಂದರು. ಅದು ಉರಿಯುವ ಒಲೆಗೆ ಎಣ್ಣೆ ಹಾಕಿದಂತಾಗಬಹುದಿತ್ತಂತೆ.

ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ಗ್ರಂಥಿ. ಅದು ಇಷ್ಟು ದೊಡ್ಡ ದೇಹವನ್ನು, ಹಸಿವನ್ನು, ನಿದ್ದೆಯನ್ನು, ಒಂದು ಊರಿನ ಬಗೆಗಿನ ನನ್ನ ಅಭಿಪ್ರಾಯವನ್ನೂ ಕೂಡ ತಿರುಗಿಸುತ್ತಿತ್ತಲ್ಲ! ನಾನು ಹಂಪಿಯ ಬಂಡೆಗಳ ಮುಂದೆ ಕೂತಾಗಿನಂತೆಯೇ ಬೆರಗಾಗಿ ಕೂತಿದ್ದೆ.

ಮಾತ್ರೆ ಶುರುವಾದ ಕೂಡಲೇ ಎಲ್ಲ ಸರಿಹೋಯಿತು ಎಂದು ಬರೆಯಲು ಆಸೆ. ಹಾಗಾಗಲಿಲ್ಲ. ಎದೆಬಡಿತ ಬೇಗ ತಗ್ಗಿತು, ಅದುರುವುದು ತಗ್ಗಲಿಲ್ಲ. ಹೆದರಿಕೆ ಮತ್ತೆ ತಲೆಯೆತ್ತಿತು, ದಾರ ಮತ್ತೆ ಕೈಗೆ ಬಂತು. ಮುಂದಿನ ಸಲ ಡಾಕ್ಟರಮ್ಮನ ಮುಂದೆ ಅದನ್ನೂ ಹೇಳಿಕೊಂಡೆ.

"ಸ್ವಲ್ಪ ಅದುರೂದು ಎಲ್ಲಾರಿಗೂ ಇರ್ತದ್ರಿ," ಎಂದರು. "ನೀವು ಅದನ್ನ ಕಾಯ್ಕೋತ ಕುಂತೀರಿ, ಅದಕ್ಕ ನಿಮಗ ಎಲ್ಲಾ ಕಾಣ್ತದ. ಮಾತ್ರಿ ನಾನು ಕೊಡ್ತೀನಿ. ಕಾಯೂದು ಬಿಡೂದು ನಿಮ್ಮ ಕೆಲಸ."

ಆ ಕೆಲಸ ಮಾತ್ರೆ ನುಂಗುವುದಕ್ಕಿಂತ ಕಷ್ಟದ್ದು. ಹಿಮ್ಮಡಿಯ ಮೇಲೆ ನಡೆಯುವುದನ್ನು ಬಿಟ್ಟೆ. ಮೊಬೈಲಿನಲ್ಲಿ ಹುಡುಕುವುದನ್ನು ಬಿಟ್ಟೆ, ಮತ್ತೆ ಹುಡುಕಿದೆ, ಮತ್ತೆ ಬಿಟ್ಟೆ. ಜನವರಿಯ ಒಂದು ಮುಂಜಾನೆ ಎಚ್ಚರವಾದಾಗ ಏನೋ ಹೊಸದೆನಿಸಿತು. ನನಗೆ ಚಳಿಯಾಗುತ್ತಿತ್ತು. ಕುರೆಕುಪ್ಪದಲ್ಲಿ ಚಳಿ! ಬಾಗಿಲು ತೆರೆದು ಮಹಡಿಯ ಮೇಲೆ ನಿಂತೆ. ಕೆಂಪು ನೆಲದ ಮೇಲೆ ತೆಳ್ಳನೆ ಮಂಜು, ಕೆಳಗೆ ಮನೆಯ ಓನರಮ್ಮ ಶಾಲು ಹೊದ್ದು ಅಂಗಳ ಗುಡಿಸುತ್ತಿದ್ದರು. ಇಷ್ಟು ತಿಂಗಳು ಈ ಊರಿನಲ್ಲಿದ್ದೂ ನಾನು ಅದನ್ನು ನೋಡಿರಲೇ ಇಲ್ಲ. ನನ್ನ ಗಂಟಲಿನ ಬಿಸಿಯನ್ನು ಊರಿನದೆಂದು ತಿಳಿದು ಬೈದುಕೊಂಡಿದ್ದೆ.

ಅಲ್ಲಿಂದ ನಾನು ಈ ಸೀಮೆಯನ್ನು ಹೊಸದಾಗಿ ನೋಡಲು ಹೊರಟೆ. ಹುಲಿಗೆಪ್ಪನ ತಂಗಿಯನ್ನು ಕಂಪ್ಲಿ ತಾಲೂಕಿನ ಮೆಟ್ರಿಗೆ ಕೊಟ್ಟಿದ್ದಾರೆ. ಅಲ್ಲಿಗೆ ಹೋದಾಗ ಕಾಲುವೆಯ ಎರಡೂ ಬದಿಗೆ ದಿಗಂತದವರೆಗೆ ಭತ್ತ. ನಮ್ಮೂರಿನ ಗದ್ದೆಗಳು ತೆಂಗಿನ ತೋಟಗಳ ನಡುವೆ ಚಾಪೆ ಹಾಸಿದಷ್ಟು. ಇಲ್ಲಿ ಗಾಳಿ ಬೀಸಿದರೆ ಹಸಿರು ಅಲೆಯಲೆಯಾಗಿ ಏಳುತ್ತದೆ. ಕಲ್ಲಿನ ನಾಡಿನಲ್ಲಿ ನನಗೆ ಕಡಲು ಸಿಕ್ಕಿದ ಹಾಗಾಯಿತು. ಬೇಸಿಗೆಯ ರಜೆಗೆ ಬಂದು ಮಳೆ ಹಿಡಿಯುವವರೆಗೆ ಉಳಿದ ಶೈಲಾಳನ್ನು ಸಂಡೂರಿನ ಗುಡ್ಡಗಳಿಗೆ ಕರೆದೊಯ್ದೆ. ಮೊದಲ ಮಳೆ ಬಿದ್ದು, ಕಬ್ಬಿಣದ ಕೆಂಪು ಗುಡ್ಡಗಳ ಮೇಲೆ ಹುಲ್ಲು ಚಿಗುರಿತ್ತು. ಇದನ್ನು ಹೇಳದೆ ಬರೀ ಧೂಳು ಧೂಳು ಅಂತಿದ್ರಲ್ಲ ಎಂದಳು.

ರಕ್ತಪರೀಕ್ಷೆಗಳು ಸಮಕ್ಕೆ ಬಂದು, ಕಾಗದ ಬೆರಳುಗಳ ಮೇಲೆ ಅಲುಗದೆ ನಿಂತ ಮೇಲೆ ಡಾಕ್ಟರಮ್ಮ ಒಪ್ಪಿಗೆ ಕೊಟ್ಟರು. ಕಾರ್ಖಾನೆಯ ವೈದ್ಯರೂ ಪರೀಕ್ಷಿಸಿ ಕಳಿಸಿದರು. ಮತ್ತೆ ಕ್ಯಾಬಿನ್ ಹತ್ತಿದ ದಿನ ಮೊದಲ ಲ್ಯಾಡಲ್ಲಿಗೆ ಕೊಕ್ಕೆ ಸಿಕ್ಕಿಸುವಾಗ ನನ್ನ ಬೆನ್ನು ಒದ್ದೆಯಾಗಿತ್ತು, ಅದು ಹೆದರಿಕೆಯ ಬೆವರು. ಕೆಳಗೆ ಹುಲಿಗೆಪ್ಪನ ಜಾಗದಲ್ಲಿ ಅಂದು ಬೇರೆಯವನ ಪಾಳಿಯಿತ್ತು. ಹುಲಿಗೆಪ್ಪ ಅವನೊಂದಿಗೆ ಪಾಳಿ ಬದಲಿಸಿಕೊಂಡು ಬಂದು ನಿಂತಿದ್ದ. ಅವನ ಕೈ ಮೇಲೆ ಹೋಯಿತು. ನಾನು ಎತ್ತಿದೆ. ಬೆಳಕು ತುಂಬಿದ ಆ ಕೊಪ್ಪರಿಗೆ ತುಳುಕದೆ, ಓಲಾಡದೆ ಅವನನ್ನು ದಾಟಿ ಹೋಗಿ ತನ್ನ ಪೀಠದ ಮೇಲೆ ಕೂತಿತು. ಅವನು ಮುಷ್ಟಿ ಬಿಗಿದ, ನಾನು ನಿಲ್ಲಿಸಿದೆ.

ಈಗಲೂ ಎಂದಾದರೊಮ್ಮೆ ಮೀನಖಂಡ ಅದುರುತ್ತದೆ. ಮಾತ್ರೆ ಮುಂದುವರಿದಿದೆ, ತಪಾಸಣೆಯೂ. ಹೆದರಿಕೆ ಪೂರ್ತಿ ಹೋಗಿಲ್ಲ, ಆದರೆ ಅದು ಬಂದರೆ ಕೂರಿಸಿ ಉಪಚಾರ ಮಾಡುವುದಿಲ್ಲ.

ಕಳೆದ ತಿಂಗಳು ರಜೆಯ ಮೇಲೆ ಊರಿಗೆ ಹೋಗಿದ್ದೆ. ಅಮ್ಮ ಮಾಡಿದ ಬಂಗುಡೆ ಮೀನಿನ ಸಾರು ಉಂಡು, ಸಂಜೆ ಶೈಲಾಳ ಜೊತೆ ಕಡಲ ದಡದಲ್ಲಿ ನಡೆಯುತ್ತಿದ್ದೆ. ಉಪ್ಪುಗಾಳಿಗೆ ಅಂಗಿ ಮೈಗೆ ಅಂಟುತ್ತಿತ್ತು. ನಮ್ಮಲ್ಲಿ ಹೀಗೆ ಅಂಟುವುದಿಲ್ಲ ಎಂದೆ. ನಮ್ಮಲ್ಲಿ ಎಂದರೆ ಎಲ್ಲಿ ಎಂದು ಅವಳು ಕೇಳುವಷ್ಟರಲ್ಲಿ ಹುಲಿಗೆಪ್ಪನ ಫೋನು ಬಂತು. ಅವನ ದನಿ ದೊಡ್ಡದು, ಅಲೆಗಳ ಸದ್ದಿನಲ್ಲೂ ಅವಳಿಗೆ ಕೇಳುತ್ತಿತ್ತು.

"ಅಣ್ಣಾರ, ಊರಿಗಿ ಯಾವಾಗ ಬರ್ತೀರಿ?"

"ಸೋಮವಾರ ಬರ್ತೀನ್ರಿ," ಎಂದೆ.

ಫೋನು ಇಟ್ಟ ಮೇಲೆ ಶೈಲಾ ನನ್ನ ಮುಖ ನೋಡಿದಳು. ನಾನು ಹುಟ್ಟಿದ ಊರಿನ ಮರಳಿನಲ್ಲಿ ನಿಂತಿದ್ದೆ. ಕುರೆಕುಪ್ಪದ ಕಡೆಯ ಶಾಲೆಗಳಲ್ಲಿ ಟೀಚರುಗಳನ್ನು ತೆಗೆದುಕೊಳ್ಳುತ್ತಾರಾ ಎಂದಷ್ಟೇ ಕೇಳಿದಳು. ವಿಚಾರಿಸುತ್ತೇನೆ ಎಂದೆ. ಆಮೇಲೆ ಇಬ್ಬರೂ ಕತ್ತಲಾಗುವವರೆಗೆ ಕಡಲನ್ನು ನೋಡುತ್ತಾ ಕೂತೆವು, ಯಾರಿಗೂ ಎದ್ದು ಹೋಗುವ ಮನಸ್ಸಿರಲಿಲ್ಲ.